ಮಾವನ ಕಾರಿಗೆ ದೊಡ್ಡ ಎಂಜಿನ್

ಊರಿನ ಅರ್ಧಕ್ಕರ್ಧ ಕಾರುಗಳ ಹೊಟ್ಟೆ ಬಗೆದು ನೋಡಿದ ಮೇಸ್ತ್ರಿಗೆ, ತನ್ನ ಸ್ವಂತ ಮಾವನ ಕಾರಿನ ಬಾನೆಟ್ ಎತ್ತುವ ಭಾಗ್ಯ ಮಾತ್ರ ಮಾವ ಬದುಕಿರುವವರೆಗೂ ಸಿಗಲಿಲ್ಲ. ಮಾವ ಸರ್ವೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಿವೃತ್ತರಾದ ವರ್ಷವೇ ಒಂದು ಪುಟ್ಟ ಕಾರು ಕೊಂಡು ಅದನ್ನು ಎಳೆಮಗುವಿನ ಹಾಗೆ ಸಾಕಿದರು. ಕಾರಿಗೆ ನೆಗಡಿಯಾದರೂ ಊರಿನ ಆಚೆ ತುದಿಯ ಇನ್ನೊಂದು ಗ್ಯಾರೇಜಿಗೆ ಒಯ್ಯುತ್ತಿದ್ದರು. ಅಲ್ಲಿಗೆ ಹೋಗುವ ದಾರಿಯೋ, ಅಳಿಯನ ಗ್ಯಾರೇಜಿನ ಎದುರಿಗೇ. ಗ್ರೀಸು ಮೆತ್ತಿದ ಕೈಯಲ್ಲಿ ಮೇಸ್ತ್ರಿ ತಲೆ ಎತ್ತಿ ನೋಡುತ್ತಿದ್ದ, ಮಾವ ರಸ್ತೆಯನ್ನೇ ನೋಡುತ್ತಾ ಗಂಭೀರವಾಗಿ ದಾಟಿ ಹೋಗುತ್ತಿದ್ದರು. ಪಕ್ಕದ ಟೈರು ಅಂಗಡಿಯವನು ಇದನ್ನು ನೋಡಿ ನೋಡಿ, "ನಿಮ್ಮ ಮಾವನ ಮೆರವಣಿಗೆ ಹೋಯ್ತು" ಎಂದು ಛೇಡಿಸುತ್ತಿದ್ದ.

"ಅಳಿಯ ಒಳ್ಳೆಯವನೇ, ಆದರೆ ಕೈ ಒರಟು" ಎಂಬುದು ಮಾವನ ತೀರ್ಪು. ಯಾವ ಆಧಾರದ ಮೇಲೆ ಈ ತೀರ್ಪು ಕೊಟ್ಟರೋ ದೇವರಿಗೇ ಗೊತ್ತು, ಅಳಿಯ ಒಂದು ಸ್ಕ್ರೂ ತಿರುಗಿಸಿದ್ದನ್ನೂ ಅವರು ನಿಂತು ನೋಡಿದವರಲ್ಲ. ಆದರೆ ಒಬ್ಬಳೇ ಮಗಳು, ಅಪ್ಪ ಹೇಳಿದ್ದನ್ನು ಹಾಗೇ ನಂಬಿ ಬೆಳೆದವಳು. ಗಂಡನ ಕೈ ಒರಟು ಎಂಬುದು ಅವಳಿಗೂ ಸೂರ್ಯ ಮೂಡುವಷ್ಟೇ ಸಹಜವಾದ ಸಂಗತಿಯಾಗಿಬಿಟ್ಟಿತು. ಮೇಸ್ತ್ರಿಗೆ ಮಾವನ ಮೆಚ್ಚುಗೆಯ ಆಸೆ ಬೇಗನೇ ಸತ್ತಿತು. ಹೆಂಡತಿ ಒಂದು ದಿನವಾದರೂ ತನ್ನ ಕೆಲಸ ನೋಡಿ "ಚೆನ್ನಾಗಿ ಮಾಡಿದ್ದೀರಿ" ಎನ್ನಬೇಕು ಎಂಬ ಆಸೆ ಮಾತ್ರ ಸಾಯಲಿಲ್ಲ. ಅದೇ ಅವನ ಬದುಕನ್ನು ಕೆಡಿಸಿದ್ದು.

ಮಾವ ತೀರಿಕೊಂಡ ಮೇಲೆ ಕಾರು ಮಗಳಿಗೆ ಬಂತು. ಅವಳು ನರ್ಸು. ಆಸ್ಪತ್ರೆ ಇದ್ದದ್ದು ಗುಡ್ಡದ ಮೇಲೆ, ಮನೆ ಇದ್ದದ್ದು ಕೆಳಗೆ. ಕೀ ಕೈಗೆ ಬಂದ ದಿನವೇ ಅವಳು ಗಂಡನಿಗೆ ಹೇಳಿಬಿಟ್ಟಳು, ಇದು ಅಪ್ಪ ಇಟ್ಟಂತೆಯೇ ಇರಬೇಕು, ನೀವು ಬಿಚ್ಚಲು ಹೋಗಬೇಡಿ ಎಂದು. ಆ ಹೊತ್ತಿಗೆ ಆಚೆ ತುದಿಯ ಗ್ಯಾರೇಜಿನ ಮುದುಕ ಅಂಗಡಿ ಮುಚ್ಚಿ ಮಗನ ಮನೆ ಸೇರಿದ್ದ. ಹಾಗಾಗಿ ಬೇರೆ ದಾರಿಯಿಲ್ಲದೆ ಆಯಿಲ್, ಗಾಳಿ, ನೀರು ಇಷ್ಟಕ್ಕೆ ಮಾತ್ರ ಮೇಸ್ತ್ರಿಗೆ ಅಪ್ಪಣೆಯಾಯಿತು. ಅಷ್ಟು ಮಾಡುವಾಗಲೂ ಮೊದಮೊದಲು ಅವಳು ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು, ಇವನೇನೋ ಕಾರಿನ ಜೇಬಿಗೆ ಕತ್ತರಿ ಹಾಕುವವನು ಎನ್ನುವ ಹಾಗೆ.

ಎಂಜಿನ್ನಿಗೋ ವಯಸ್ಸಾಗಿತ್ತು. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟು, ನೀಲಿ ಹೊಗೆ ಕಾರಿ, ಇನ್ನಾಗದು ಎಂದು ನಿಂತುಬಿಡುತ್ತಿತ್ತು. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆದು ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಡ್ಯೂಟಿಗೆ ತಡವಾಗಿ ತಡವಾಗಿ ಮೇಲಿನವರ ಕೆಂಗಣ್ಣು ಬಿತ್ತು. ಎಂಜಿನ್ ಒಮ್ಮೆ ಕೆಳಗಿಳಿಸಿ ನೋಡಲೇಬೇಕು ಎಂದು ಮೇಸ್ತ್ರಿ ಹೇಳಿದ. ಗುಜರಿಗೆ ಹಾಕುವ ಆಸೆ ಇದ್ದರೆ ನೇರವಾಗಿ ಹೇಳಿ ಎಂದು ಅವಳು ಮುಖ ತಿರುಗಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅಷ್ಟರಲ್ಲಿ ಆಸ್ಪತ್ರೆಯವರು ಅವಳನ್ನು ಒಂದು ತಿಂಗಳ ತರಬೇತಿಗೆ ದೂರದ ಊರಿಗೆ ಕಳಿಸಿದರು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಡಿ ಎಂದು ಕೀ ಕೊಟ್ಟು ಅವಳು ರೈಲು ಹತ್ತಿದಳು. ರೈಲು ಇನ್ನೂ ಊರು ದಾಟಿತ್ತೋ ಇಲ್ಲವೋ, ಮೇಸ್ತ್ರಿ ಕಾರನ್ನು ಗ್ಯಾರೇಜಿನೊಳಗೆ ತಳ್ಳಿ ಶಟರ್ ಎಳೆದ.

ಹೆಂಡತಿಗಾಗಿ ಮಾಡಿದೆ ಎಂದು ಅವನು ಕೊನೆಯವರೆಗೂ ಹೇಳಿಕೊಂಡ. ಅದು ಅರ್ಧ ನಿಜ. ಮಿಕ್ಕರ್ಧವನ್ನು ನಾವು ಹೇಳಬೇಕು. ಬದುಕಿದ್ದಾಗ ತನ್ನನ್ನು ಹತ್ತಿರ ಸೇರಿಸದ ಮನುಷ್ಯನ ಕಾರು ಕೊನೆಗೂ ತನ್ನ ಕೈಗೆ ಸಿಕ್ಕಿತಲ್ಲ ಎಂದು ಅವನ ಮೈಯೆಲ್ಲ ಹುರುಪೇರಿತ್ತು. ಪಿಸ್ಟನ್ ಬದಲಾಯಿಸಿ ಹಳೆಯ ಎಂಜಿನ್ನನ್ನೇ ರಿಪೇರಿ ಮಾಡಬಹುದಿತ್ತು. ಅದು ಅವನಿಗೆ ಸಾಲಲಿಲ್ಲ.

ಅದೇ ಕಂಪನಿಯ ವ್ಯಾನಿನಿಂದ ಇಳಿಸಿದ, ಹೆಚ್ಚುಕಡಿಮೆ ಎರಡರಷ್ಟು ಬಲದ ಎಂಜಿನ್ ಒಂದರ ಮೇಲೆ ಅವನ ಕಣ್ಣಿತ್ತು. ಅದನ್ನು ತಂದ. ಕೂರಿಸಲು ಹೊಸ ಬ್ರಾಕೆಟ್ ಕತ್ತರಿಸಿ ವೆಲ್ಡ್ ಮಾಡಿದ. ಗೇರ್‌ಬಾಕ್ಸು ಬದಲಾಯಿತು. ಹೊಸ ರೇಡಿಯೇಟರು ಅಗಲದಲ್ಲಿ ಹಳೆಯದರಷ್ಟೇ, ದಪ್ಪ ಮಾತ್ರ ಹೆಚ್ಚು. ಭಾರಕ್ಕೆ ಕಾರಿನ ಮೂಗು ತಗ್ಗಬಾರದೆಂದು ಮುಂದಿನ ಸ್ಪ್ರಿಂಗು ಗಟ್ಟಿಯದು ಹಾಕಿದ, ಅದೇ ಏಟಿಗೆ ಬ್ರೇಕನ್ನೂ ಬಲಪಡಿಸಿದ. ಇಷ್ಟನ್ನು ಇನ್ಯಾವ ಮೇಸ್ತ್ರಿಯಾದರೂ ಮಾಡಿಯಾನು. ಕಷ್ಟವಿದ್ದದ್ದು ಮುಚ್ಚಿಡುವುದರಲ್ಲಿ. ಮಾವನ ಎಂಜಿನ್ನಿನ ಮೇಲಿನ ಮುಚ್ಚಳವನ್ನು ಒಳಗಿನಿಂದ ಕೊರೆದು ಹೊಸದರ ಮೇಲೆ ಟೋಪಿಯ ಹಾಗೆ ಕೂರಿಸಿದ. ಹಳೆಯ ಏರ್ ಫಿಲ್ಟರ್ ಡಬ್ಬಿ ಇದ್ದಲ್ಲೇ ಇತ್ತು, ಒಳಗೆ ಮಾತ್ರ ಬೇರೆಯದೇ ಸಂಸಾರ. ರೇಡಿಯೇಟರಿನ ನೀರಿನ ಬಾಟಲಿಯ ಮೇಲೆ ಮಾವ ಬಿಳಿ ಬಣ್ಣದಲ್ಲಿ "ನೀರು" ಎಂದು ಬರೆದಿದ್ದನ್ನು ಒರೆಸದೆ ಉಳಿಸಿದ. ಹೊಳೆಯುವ ಹೊಸ ಬೋಲ್ಟುಗಳಿಗೆ ಉಪ್ಪುನೀರು ಸವರಿ ತುಕ್ಕು ಹಿಡಿಸಿದ. ಸೈಲೆನ್ಸರಿನ ಒಳಗೆ ತಗಡುಗಳನ್ನು ಸೇರಿಸಿ ಸದ್ದನ್ನು ಹಳೆಯದರ ಹದಕ್ಕೇ ಇಳಿಸಿದ. ಎಲ್ಲ ಮುಗಿಸಿ ಟೈರು ಅಂಗಡಿಯವನನ್ನು ಕರೆದು ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂದು ಕೇಳಿದರೆ, ತೊಳೆದಿಲ್ಲವಲ್ಲ, ಧೂಳು ಹಾಗೇ ಇದೆ ಎಂದು ಅವನು ಹೇಳಿದ. ಅದಕ್ಕಿಂತ ದೊಡ್ಡ ಬಹುಮಾನ ಮೇಸ್ತ್ರಿಗೆ ಬೇಕಿರಲಿಲ್ಲ.

ಮಾವನ ಎಂಜಿನ್ನನ್ನು ಗ್ಯಾರೇಜಿನಲ್ಲಿಟ್ಟರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆ. ಗುಜರಿಯವನನ್ನು ಕರೆಸಿದ. ಅದನ್ನು ತಳ್ಳುಗಾಡಿಗೆ ಎತ್ತಿ ಹಾಕಿದಾಗ ಬಂದ ಸದ್ದು ಅವನ ಕಿವಿಗೆ ಹಿತವಾಗಿತ್ತು.

ಅವನ ಲೆಕ್ಕಾಚಾರ ಸರಳವಾಗಿತ್ತು. ಅವಳು ಬರುತ್ತಾಳೆ, ಕಾರು ಗುಡ್ಡವನ್ನು ಸಲೀಸಾಗಿ ಏರುತ್ತದೆ, ಅವಳು ಬೆರಗಾಗಿ ಮನೆಗೆ ಬಂದು ಕೇಳುತ್ತಾಳೆ, ಆಗ ಹೇಳುವುದು. ಅವಳು ಬಂದಳು. ಕಾರು ಏರಿತು. ಸಂಜೆ ಅವಳು ಮುಖ ಅರಳಿಸಿಕೊಂಡೇ ಒಳಗೆ ಬಂದಳು, ಮೇಸ್ತ್ರಿ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾದು ನಿಂತಿದ್ದ.

"ಅಪ್ಪ ಹೇಳ್ತಾನೇ ಇದ್ರು, ಈ ಕಾರಿಗೆ ಆಗಾಗ ವಿಶ್ರಾಂತಿ ಕೊಡ್ಬೇಕು ಅಂತ. ಒಂದು ತಿಂಗಳು ನಿಲ್ಸಿದ್ದಕ್ಕೆ ಹೇಗೆ ಎಳೀತಿದೆ ನೋಡಿ. ನೀವು ಬಿಚ್ಬೇಕು ಬಿಚ್ಬೇಕು ಅಂತಿದ್ರಿ" ಅಂದಳು.

ಮೇಸ್ತ್ರಿಯ ಮಾತು ಗಂಟಲಿಗೆ ವಾಪಸು ಹೋಯಿತು. ನಾಳೆ ಹೇಳೋಣವೆಂದುಕೊಂಡ. ನಾಳೆ ಬಂದಾಗ ಅವಳು ಅಪ್ಪನ ಫೋಟೋ ಒರೆಸುತ್ತಿದ್ದಳು. ಅಂಥ ಮಾತನ್ನು ಒಂದು ದಿನ ಹೇಳದೆ ಬಿಟ್ಟರೆ ಆಯಿತು, ಆಮೇಲೆ ಅದಕ್ಕೆ ಒಳ್ಳೆಯ ದಿನವೇ ಸಿಗುವುದಿಲ್ಲ.

ಹೀಗೆ ವರ್ಷಗಳು ಉರುಳಿದವು. ಬದುಕಿದ್ದಾಗ ಮಾವ ಬರೀ ಮಾವನಾಗಿದ್ದರು, ಸತ್ತ ಮೇಲೆ ಮಹಾಪುರುಷರಾದರು. ಗುಡ್ಡದಲ್ಲಿ ಹೊಸ ಹೊಸ ಕಾರುಗಳನ್ನು ಹಿಂದೆ ಹಾಕಿ ಹೋಗುವ ಆ ಹಳೆಯ ಡಬ್ಬಿ ಆಸ್ಪತ್ರೆಯಲ್ಲೆಲ್ಲ ಮನೆಮಾತಾಯಿತು. ಯಾರು ಕೇಳಿದರೂ ಅವಳದು ಒಂದೇ ಉತ್ತರ: ಅಪ್ಪ ಆರಿಸಿ ತಂದದ್ದು, ಅಪ್ಪ ಸಾಕಿದ ರೀತಿ ಹಾಗೆ. ಜೊತೆಗೆ ಒಂದು ಒಗ್ಗರಣೆ, ನಮ್ಮನೆಯವರು ಇದನ್ನು ಗುಜರಿಗೆ ಹಾಕುವುದರಲ್ಲಿದ್ದರು, ಸದ್ಯ ನಾನು ಮುಟ್ಟಲು ಬಿಡಲಿಲ್ಲ ಎಂದು. ಮನೆಗೆ ಬಂದವರು ನಗುತ್ತಿದ್ದರು, ಅವರಿಗೆ ಕಾಫಿ ತಂದುಕೊಡುತ್ತಾ ಮೇಸ್ತ್ರಿಯೂ ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಆಯಿಲ್ ಹಾಕುವ ನೆಪದಲ್ಲಿ ಅವನು ಆ ಎಂಜಿನ್ನಿನ ಹದ ಕೆಡದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಷ್ಟೂ ಮಾವನ ಕೀರ್ತಿ ಏರುತ್ತಿತ್ತು. ಒಮ್ಮೆಯಾದರೂ ಕೈ ಬಿಟ್ಟು ನೋಡೋಣ, ಗುಡ್ಡದಲ್ಲಿ ನಿಲ್ಲಲಿ ಎಂದು ಅನಿಸಿದ್ದುಂಟು. ಆದರೆ ಕೆಲಸ ಕೆಡಿಸುವುದು ಅವನಿಂದ ಆಗದ ಮಾತು.

ಈ ನಡುವೆ ಗ್ಯಾರೇಜು ಸೊರಗತೊಡಗಿತು. ಹೊಸ ಕಾರುಗಳಿಗೆ ಕಂಪ್ಯೂಟರ್ ಹಚ್ಚಿ ನೋಡುವ ದೊಡ್ಡ ವರ್ಕ್‌ಶಾಪುಗಳು ಬಂದವು. ಮೇಸ್ತ್ರಿಯ ಬಾಗಿಲಲ್ಲಿ ಹಳೆಯ ಗಿರಾಕಿಗಳೂ ಕಡಿಮೆಯಾದರು. ಒಂದು ರಜೆಯ ದಿನ ಬೆಳಿಗ್ಗೆ, ಅವಳು ಬಟ್ಟೆ ಮಡಿಸುತ್ತಿದ್ದಾಗ, ನಾಚಿಕೆ ಬಿಟ್ಟು ಕೇಳಿದ. ಆಸ್ಪತ್ರೆಯಲ್ಲಿ ಅಷ್ಟು ಜನ ಕಾರಿನವರಿದ್ದಾರೆ, ನನ್ನ ಹೆಸರನ್ನು ಒಂದು ಮಾತು ಹೇಳಿ ನೋಡಬಾರದೇ ಎಂದ.

ಅವಳು ಕುಹಕವಾಡಲಿಲ್ಲ. ಹಾಗೆ ಆಡಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ನಿಜವಾಗಿಯೂ ಪೇಚಿಗೆ ಸಿಕ್ಕವಳ ಹಾಗೆ, "ಏನಂತ ಹೇಳ್ಲಿ ರೀ? ನನ್ನ ಕಾರನ್ನೇ ನಿಮ್ಮ ಕೈಗೆ ಕೊಟ್ಟಿಲ್ಲ ಅಂತ ಎಲ್ರಿಗೂ ಗೊತ್ತು" ಅಂದಳು.

ಮೇಸ್ತ್ರಿ ಆಗ ಹೇಳಿಬಿಟ್ಟ. ಪ್ರೀತಿಯಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತನ್ನು ಕಲ್ಲು ಎಸೆದ ಹಾಗೆ ಎಸೆದ. ಗುಡ್ಡ ಹತ್ತುವುದು ನಿಮ್ಮಪ್ಪನ ಎಂಜಿನ್ನಲ್ಲ, ನಾನು ಹಾಕಿದ್ದು ಎಂದ. ಅವಳು ನಂಬಲಿಲ್ಲ. ಸತ್ತವರ ಮೇಲೆ ಇಷ್ಟು ಹೊಟ್ಟೆಕಿಚ್ಚೇ ಎಂದು ಕೇಳಿದಳು. ಅವನು ಅವಳ ರಟ್ಟೆ ಹಿಡಿದು ಹೊರಗೆ ಕರೆದೊಯ್ದು ಬಾನೆಟ್ ಎತ್ತಿದ.

ನೋಡಿದರೆ ಎಲ್ಲವೂ ಮಾವನದೇ. ಅದೇ ತುಕ್ಕು, ಅದೇ "ನೀರು". ಅವಳು ತಲೆ ಅಲ್ಲಾಡಿಸಿದಳು. ಮೇಸ್ತ್ರಿ ಸ್ಪ್ಯಾನರ್ ತಂದು ಒಂದೊಂದನ್ನೇ ಬಿಚ್ಚಿದ. ಮಾವನ ಮುಚ್ಚಳ ಪಾತ್ರೆಯ ಮುಚ್ಚಳದ ಹಾಗೆ ಸುಲಭವಾಗಿ ಎದ್ದು ಬಂತು. ಕೆಳಗೆ ಬೇರೊಂದು ಎಂಜಿನ್ ಕೂತಿತ್ತು. ಅವಳಿಗೆ ಎಂಜಿನ್ನಿನ ವಿಷಯ ತಿಳಿಯದು, ಆದರೂ ಅಷ್ಟು ತಿಳಿಯಿತು.

ಅವಳು ಸುಮ್ಮನೆ ನಿಂತಿದ್ದಳು. ಆ ಮೌನವನ್ನು ಪಾಪದ ಮನುಷ್ಯ ಮೆಚ್ಚುಗೆಯೆಂದುಕೊಂಡ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಹೆಂಡತಿ ಅವನ ಕೆಲಸ ನೋಡುತ್ತಿದ್ದಳು. ಕೋಪ ಇಳಿದು ಉತ್ಸಾಹ ಉಕ್ಕಿತು. ಬ್ರಾಕೆಟ್ ಹೇಗೆ ಕತ್ತರಿಸಿದೆ, ಬೋಲ್ಟಿಗೆ ತುಕ್ಕು ಹೇಗೆ ಹಿಡಿಸಿದೆ, ಸದ್ದು ಹೇಗೆ ಇಳಿಸಿದೆ ಎಂದು ಬೆರಳಿಟ್ಟು ತೋರಿಸುತ್ತಾ ಹೋದ. ಕೊನೆಗೆ ನಗುತ್ತಾ, "ಯಾರಿಗೂ ಗೊತ್ತಾಗಲ್ಲ ಕಣೇ. ನಿಂಗೇ ಗೊತ್ತಾಗ್ಲಿಲ್ಲ ನೋಡು" ಅಂದ.

"ಅಪ್ಪಂದು ಎಲ್ಲಿ?" ಅಂದಳು ಅವಳು.

"ಗುಜರಿಗೆ ಹಾಕ್ದೆ."

ಅವಳು ಮುಚ್ಚಳವನ್ನು ಕೈಗೆತ್ತಿಕೊಂಡು ಒಳಗಿನಿಂದ ಕೊರೆದ ಜಾಗವನ್ನು ಮುಟ್ಟಿ ನೋಡಿದಳು. "ದಿನಾ ಬೆಳಿಗ್ಗೆ ಕೀ ತಿರುಗಿಸುವಾಗ ಅಪ್ಪನ ಹತ್ರ ಮಾತಾಡ್ತಿದ್ದೆ. ನೀವು ಅಲ್ಲೇ ಬಾಗಿಲಲ್ಲಿ ನಿಂತು ನೋಡ್ತಿದ್ರಿ."

ಮೇಸ್ತ್ರಿ ಸ್ಪ್ಯಾನರನ್ನು ಕೆಳಗಿಟ್ಟ. ನಿಂತು ನೋಡುತ್ತಿದ್ದದ್ದು ನಿಜವಾಗಿತ್ತು.

ಮಾರನೆಯ ದಿನದಿಂದ ಅವಳು ಬಸ್ಸಿನಲ್ಲಿ ಹೋಗತೊಡಗಿದಳು. ಜಗಳವಿಲ್ಲ, ಅಳುವಿಲ್ಲ. ಊಟ ಬಡಿಸುತ್ತಿದ್ದಳು, ಹಾಲು ಮುಗಿದಿದೆ ಎಂದು ಹೇಳುತ್ತಿದ್ದಳು, ಅಷ್ಟೇ ಮಾತು. ಮೇಸ್ತ್ರಿ ನಿನ್ನ ಒಳ್ಳೆಯದಕ್ಕೇ ಮಾಡಿದ್ದೆಂದು ಹೇಳಿ ನೋಡಿದ, ತಪ್ಪಾಯಿತೆಂದು ಹೇಳಿ ನೋಡಿದ, ಎರಡನ್ನೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವು ವಾರಗಳ ಮೇಲೆ ತಾನಾಗಿಯೇ ಬಾಯಿ ಬಿಟ್ಟಳು. ಕಾರಿಗೆ ಮೊದಲಿನ ಎಂಜಿನ್ ಹಾಕಿಸಬೇಕು ಎಂದಳು. ಅದು ಕರಗಿ ಇನ್ನೇನೋ ಆಗಿ ಯಾವ ಕಾಲವಾಯಿತೋ ಎಂದು ಅವನು ಹೇಳಿದ. ಹಾಗಾದರೆ ಅದೇ ಅಳತೆಯದು ಇನ್ನೊಂದನ್ನು ಹಾಕಿ ಎಂದಳು. ಗುಡ್ಡ ಹತ್ತುವುದಿಲ್ಲ ಎಂದು ಅವನು ಅಂಗಲಾಚಿದ.

"ಹತ್ತದಿದ್ರೆ ನಿಲ್ಲಿಸಿ ನಡ್ಕೊಂಡು ಹೋಗ್ತೀನಿ" ಅಂದಳು.

ಆ ಮಾದರಿಯ ಎಂಜಿನ್ ತಯಾರಾಗುವುದೇ ನಿಂತಿತ್ತು. ಮೇಸ್ತ್ರಿ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದ. ಕೊನೆಗೆ ಎಲ್ಲೋ ಒಂದು ಮೂಲೆಯಲ್ಲಿ, ಮುರಿದ ಟ್ಯಾಕ್ಸಿಯಿಂದ ಬಿಚ್ಚಿ ಎಸೆದ ಒಂದು ಸಿಕ್ಕಿತು. ಅದನ್ನು ತಂದು ತೊಳೆದು, ಸವೆದದ್ದನ್ನು ಬದಲಾಯಿಸಿ, ತನ್ನ ಕೈಯಾರೆ ಕೂರಿಸಿದ್ದ ದೊಡ್ಡದನ್ನು ತನ್ನ ಕೈಯಾರೆ ಇಳಿಸಿದ. ಸ್ಪ್ರಿಂಗು, ಗೇರ್‌ಬಾಕ್ಸು ಎಲ್ಲ ಮೊದಲಿನಂತಾದವು. ಸಿಟ್ಟಿನಲ್ಲಿ ಹೇಗೋ ಮುಗಿಸಿ ಕೊಡಬಹುದಿತ್ತು. ಆದರೆ ಈ ಸಲ ಅವಳಿಗೆ ಗೊತ್ತಿದ್ದೇ ಮಾಡುತ್ತಿರುವ ಕೆಲಸ, ನೋಡಿದರೆ ಮನಸ್ಸು ಕರಗೀತು ಎಂಬ ಆಸೆ ಅವನಿಗೆ ಇನ್ನೂ ಇತ್ತು. ಹಾಗಾಗಿ ಜೀವ ತೇಯ್ದು ಮಾಡಿದ.

ಮುಗಿದ ದಿನ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಅವಳು ಚೀಲ ಹಿಡಿದು ಡ್ಯೂಟಿಗೆ ಹೊರಟಿದ್ದಳು. ಕೀಗೆ ಕೈ ಚಾಚಿದಳು. ಕೊಡುವ ಮೊದಲು ಮೇಸ್ತ್ರಿ ತಡೆಯಲಾರದೆ ಹೇಳಿದ, "ಇದೂ ನಿಮ್ಮಪ್ಪಂದಲ್ಲ ಕಣೇ. ಯಾವನೋ ಟ್ಯಾಕ್ಸಿಯವನದು."

"ಗೊತ್ತು" ಅಂದಳು ಅವಳು. "ನಿಮ್ದಲ್ವಲ್ಲ. ಅಷ್ಟು ಸಾಕು."