ನಾದಿನಿಯ ಮದುವೆಯ ಸಿ.ಡಿ.

ನಿನ್ನೆ ಬೆಳಿಗ್ಗೆ ಕಂಪ್ಯೂಟರಿಗೆ ವಿಡಿಯೊ ನೋಡುವ ಹೊಸ ಪ್ಲೇಯರೊಂದನ್ನು ಹಾಕಿಕೊಳ್ಳಲು ಹೋದೆ. ಇದು ಕೆಲಸ ಮಾಡಬೇಕಾದರೆ ಇನ್ನೂ ಹನ್ನೊಂದು ಫೈಲುಗಳು ಬೇಕು, ತರಲೇ ಎಂದು ಅದೇ ಕೇಳಿತು. ಹೂಂ ಎಂದು ಒತ್ತಿದೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹನ್ನೊಂದೂ ಬಂದು ಕೂತಿದ್ದವು. ಇದರಲ್ಲೇನು ವಿಶೇಷ ಅನ್ನುತ್ತೀರಿ ನೀವು. ಇಂಥ ಒಂದೊಂದು ಫೈಲಿಗೂ ಅರಸೀಕೆರೆಯ ಬಿಸಿಲಿನಲ್ಲಿ ಫ್ಲಾಪಿ ಹಿಡಿದು ಅಲೆದವನು ನಾನು. ಅದಕ್ಕೇ ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಾ ಕೂತುಬಿಟ್ಟೆ.

ಎರಡು ಸಾವಿರದ ಮೂರು-ನಾಲ್ಕರ ಸುಮಾರಿನ ಮಾತು. ಜಾವಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮನೆ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ. ಹೆಂಡತಿ ಸುಶೀಲ ತೀರಿಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ಸದ್ದು ಅಂತ ಇದ್ದರೆ ಒಂದು ರೈಲಿನದು, ಇನ್ನೊಂದು ಕುಕ್ಕರಿನದು. ಕುಕ್ಕರಾದರೂ ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು.

ಅವಳ ಫೋಟೊಗಳು ಬೇಕಾದಷ್ಟಿದ್ದವು. ಆದರೆ ಫೋಟೊದಲ್ಲಿ ಅವಳು ಎಂದೂ ಅವಳಂತಿರಲಿಲ್ಲ; ಕ್ಯಾಮೆರಾ ಕಂಡರೆ ಸಾಕು, ಪರೀಕ್ಷೆಗೆ ಕೂತವಳಂತೆ ಬಿಗಿದುಕೊಳ್ಳುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅವಳ ದನಿ. ಯಾರಿಗೂ ಹೇಳಿಕೊಳ್ಳಲಾಗದ ಒಂದು ನಾಚಿಕೆ ಆಗ ನನ್ನನ್ನು ತಿನ್ನುತ್ತಿತ್ತು. ಅವಳು ಆಡಿದ ಮಾತುಗಳು ನೆನಪಿದ್ದವು, ಅವನ್ನು ಆಡಿದ ದನಿ ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷ ಒಟ್ಟಿಗೆ ಬಾಳಿದವನ ಕಿವಿ ಇದು! ಆ ದನಿ ಇನ್ನೂ ಉಳಿದಿದ್ದದ್ದು ಒಂದೇ ಕಡೆ, ಅವಳ ತಂಗಿ ನಾಗರತ್ನಳ ಮದುವೆಯ ಸಿ.ಡಿ.ಯಲ್ಲಿ. ಪಕ್ಕದ ಮನೆಯಲ್ಲಿ ಸಿ.ಡಿ. ಪ್ಲೇಯರ್ ಇತ್ತು, ಕೇಳಿದ್ದರೆ ಸಂತೋಷದಿಂದ ಹಾಕಿ ತೋರಿಸುತ್ತಿದ್ದರು. ಆದರೆ ಅವರ ಸೋಫಾದಲ್ಲಿ ಕೂತು, ಅವರು ಕೊಟ್ಟ ಚಕ್ಕುಲಿ ತಿನ್ನುತ್ತಾ ಅಳುವುದು ನನ್ನಿಂದ ಆಗುವಂಥದ್ದಲ್ಲ.

ಹಾಗಾಗಿ ಕಂಪ್ಯೂಟರ್ ಬಂತು. ಅದಕ್ಕೆ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವರು ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ತಿಪ್ಪೇಸ್ವಾಮಿ, ಬಾಣಾವರದವರು. ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಲಿನಕ್ಸ್ ಸಿ.ಡಿ.ಗಳನ್ನು ಅವರು ದೇವರ ಪ್ರಸಾದದಂತೆ ಹಂಚುತ್ತಿದ್ದರು. “ಇದ್ಕೆ ಯಾರ ಹಂಗೂ ಇಲ್ಲ ಸರ್, ಪೂರ್ತಿ ಸ್ವತಂತ್ರ” ಅಂದರು. ಆ ಮಾತು ನನಗೆ ಹಿಡಿಸಿತು. ನಾನೂ ಹಾಗೇ ಇದ್ದೇನೆ ಎಂದು ನಂಬಿಕೊಂಡಿದ್ದ ಕಾಲ ಅದು.

ಹಂಗಿಲ್ಲದ ಆ ಯಂತ್ರಕ್ಕೆ ಮದುವೆಯ ಸಿ.ಡಿ. ಹಾಕಿದೆ. ತೋರಿಸುವ ಪ್ಲೇಯರೇ ಅದರಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋಗಿ ಪ್ಲೇಯರನ್ನು ಇಳಿಸಿಕೊಂಡೆ. ಅದು ಒಂದು ಫ್ಲಾಪಿಯಲ್ಲಿ ಹಿಡಿಸದೆ ಮೂರು ತುಂಡಾಯಿತು. ಮನೆಗೆ ತಂದು ಜೋಡಿಸಿದರೆ, ತನಗೆ ಇಂಥ ಹೆಸರಿನ ಲೈಬ್ರರಿ ಬೇಕು ಅಂದಿತು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಒಂದು ಪ್ರೋಗ್ರಾಮು ತನ್ನ ಕೆಲಸಕ್ಕೆ ಬೇರೆಯವರಿಂದ ಎರವಲು ಪಡೆಯುವ ಸಾಮಾನು ಅನ್ನಿ. ಅದರ ಹೆಸರನ್ನು ಪಾಠಯೋಜನೆಯ ಪುಸ್ತಕದ ಹಿಂದುಗಡೆ ಬರೆದುಕೊಂಡು ಮುಂದಿನ ಭಾನುವಾರ ಮತ್ತೆ ಹೋದೆ. ತಂದ ಲೈಬ್ರರಿ ಇನ್ನೆರಡನ್ನು ಕೇಳಿತು. ಆ ಎರಡರಲ್ಲಿ ಒಂದಕ್ಕೆ ಇನ್ನೊಂದು ಬೇಕಿತ್ತು. ಒಮ್ಮೆ ಎಲ್ಲ ಕೂಡಿಬಂದಾಗ ಫ್ಲಾಪಿಯೇ ಕೆಟ್ಟಿತ್ತು. ಬೀಗರನ್ನು ಒಲಿಸುವುದು ಇದಕ್ಕಿಂತ ಸುಲಭ ಎಂದು ನನಗೆ ನಾನೇ ಬೈದುಕೊಂಡೆ. ನಿಜ ಹೇಳಬೇಕೆಂದರೆ ಈ ಅಲೆದಾಟ ನನಗೆ ಬೇಸರವಾಗಿರಲಿಲ್ಲ. ಭಾನುವಾರಕ್ಕೊಂದು ಕೆಲಸವಾಗಿತ್ತು.

ಕೊನೆಗೆ ತಿಪ್ಪೇಸ್ವಾಮಿ ಒಂದು ಉಪಾಯ ಹೇಳಿಕೊಟ್ಟರು. ಆದೇಶದ ಜೊತೆ ಒಂದು ಪದ ಸೇರಿಸಿದರೆ, ಏನಿದೆ ಏನಿಲ್ಲ ಎಂದು ನೋಡದೆ ಯಂತ್ರ ಸುಮ್ಮನೆ ಹಾಕಿಕೊಳ್ಳುತ್ತದಂತೆ. ಹಾಗೇ ಮಾಡಿದೆ. ಪ್ಲೇಯರ್ ತೆರೆದುಕೊಂಡು ಚಿತ್ರ ಬಂತು. ಧಾರೆ, ಆರತಿ, ಬಂದವರು ಹೋದವರು. ಆಮೇಲೆ ಛತ್ರದ ಅಡುಗೆಮನೆಯ ಬಾಗಿಲಲ್ಲಿ ಸುಶೀಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಕ್ಯಾಮೆರಾವನ್ನು ಗಮನಿಸದೆ, ಬಡಿಸುವವರೊಬ್ಬರಿಗೆ ಹೊರಗೆ ಕೈ ತೋರಿಸಿ ಏನೋ ಹೇಳುತ್ತಿದ್ದಾಳೆ. ಆದರೆ ಧ್ವನಿಯಿಲ್ಲ. ಧ್ವನಿಗೆ ಬೇಕಾದ ಲೈಬ್ರರಿ ನನ್ನಲ್ಲಿರಲಿಲ್ಲ. ಅವಳ ತುಟಿ ನೋಡುತ್ತಾ ಅದೇ ಭಾಗವನ್ನು ಎಷ್ಟು ಸಲ ಹಾಕಿದೆನೋ. ಪಾಯಸ ಸಾಲದು ಅನ್ನುತ್ತಿರಬಹುದೇ, ಎಲೆ ತರಲು ಹೇಳುತ್ತಿರಬಹುದೇ, ತಿಳಿಯಲಿಲ್ಲ. ಅವಳು ಸತ್ತ ದಿನಕ್ಕಿಂತ ಹೆಚ್ಚು ಅಂದು ಅತ್ತೆ.

ಮುಂದಿನ ವಾರ ಆ ಲೈಬ್ರರಿ ತಂದೆ. ಅದಕ್ಕೆ ಯಂತ್ರದ ಬುಡದ ಫೈಲೇ ಹೊಸದಾಗಬೇಕಿತ್ತು. ಹೇಗೂ ಉಪಾಯ ಗೊತ್ತಲ್ಲ, ಅದನ್ನೂ ಬಲವಂತವಾಗಿ ಹಾಕಿದೆ. ಆಮೇಲೆ ಕಂಪ್ಯೂಟರ್ ಏಳಲೇ ಇಲ್ಲ.

ತಿಪ್ಪೇಸ್ವಾಮಿ ಬಂದು ನೋಡಿ, ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕು ಅಂದರು. ಇಷ್ಟಕ್ಕೂ ಅದು ಯಾರ ಮದುವೆ ಎಂದು ಕೇಳಿದರು. ಬೇಲೂರಿನ ನನ್ನ ನಾದಿನಿಯದು ಅಂದೆ.

“ಅವ್ರ ಮನೇಲಿ ಪ್ಲೇಯರ್ ಇಲ್ವಾ ಸರ್?”

ಇತ್ತು.

ಬೇಲೂರು ಸುಶೀಲಳ ತವರು, ನಾಗರತ್ನಳನ್ನು ಕೊಟ್ಟದ್ದೂ ಅಲ್ಲೇ. ಅಲ್ಲಿಗೆ ನಾನು ಹೋಗಿ ಎರಡು ವರ್ಷವಾಗಿತ್ತು. ಜಗಳವೇನಿಲ್ಲ. ನಮ್ಮ ಕಡೆ ಅಳಿಯನಾದವನು ಮಾವನ ಮನೆಗೆ ಕರೆಯದೆ ಹೋಗುವುದಿಲ್ಲ, ಹೋದರೂ ಊಟಕ್ಕೆ ಏಳಿ ಎನ್ನುವವರೆಗೆ ಏಳುವುದಿಲ್ಲ. ಬೇರೆ ಅಳಿಯಂದಿರು ವರ್ಷ ಕಳೆದ ಮೇಲೆ ಈ ಬಿಂಕ ಬಿಡುತ್ತಾರೆ. ನಾನು ಬಿಟ್ಟಿರಲಿಲ್ಲ. ಅವಳಿದ್ದಾಗ ಗೌರಿಹಬ್ಬಕ್ಕೆ ಕರೆ ಬರುತ್ತಿತ್ತು. ಅವಳೇ ಇಲ್ಲವಾದ ಮೇಲೆ ಯಾರನ್ನೆಂದು ಕರೆದಾರು? ಅವರು ಕರೆಯಲಿಲ್ಲ, ನಾನು ಹೋಗಲಿಲ್ಲ.

ಆ ಶನಿವಾರ ಸ್ಕೂಲು ಬಿಟ್ಟ ಮೇಲೆ ಜಾವಗಲ್ಲಿನಲ್ಲೇ ಬೇಲೂರಿನ ಬಸ್ ಹತ್ತಿದೆ. ಹಳೇಬೀಡಿನಲ್ಲಿ ಬಸ್ ಅರ್ಧ ಖಾಲಿಯಾಯಿತು. ನಾನೂ ಇಳಿದು ವಾಪಸ್ ಹೋಗಿಬಿಡೋಣವೇ ಅನ್ನಿಸಿತು. ಬಾಗಿಲು ತೆರೆದವಳು ನಾಗರತ್ನ. ಸಿ.ಡಿ. ಕೆಟ್ಟಿದೆಯೋ ಏನೋ ನೋಡಬೇಕಿತ್ತು, ಈ ಕಡೆ ಬಂದಿದ್ದೆ ಎಂದು ಸುಳ್ಳು ಪೋಣಿಸಿದೆ. ಅವಳು ಏನನ್ನೂ ಕೇಳದೆ ಟಿ.ವಿ. ಹಚ್ಚಿ, ಸಿ.ಡಿ. ಹಾಕಿ, ನೆಲದ ಮೇಲೆ ಕೂತಳು. ಧಾರೆ ಮುಗಿಯಿತು, ಆರತಿ ಮುಗಿಯಿತು. ಅಡುಗೆಮನೆಯ ಬಾಗಿಲು ಬಂತು. ವಾಲಗದ ಗದ್ದಲದ ನಡುವೆ, ಸ್ವಲ್ಪ ಒಡೆದಂತಿದ್ದ ಆ ದನಿ ಕೇಳಿತು.

“ಅವ್ರನ್ನ ಒಂದ್ ಸಲ ಕರೀರಿ. ಕರೀದಿದ್ರೆ ಬರಲ್ಲ ಅವ್ರು, ಹಸ್ಕೊಂಡೇ ಕೂತಿರ್ತಾರೆ.”

ಅವಳ ಕೈ ತೋರಿಸುತ್ತಿದ್ದದ್ದು ಛತ್ರದ ಜಗಲಿಯ ಕಡೆಗೆ. ಅಲ್ಲಿ ಪೇಪರ್ ಹಿಡಿದು ಕೂತಿದ್ದವನು ನಾನು. ಆಮೇಲೆ ಯಾರೋ ಬಂದು ಕರೆದದ್ದು, ನಾನು ದೊಡ್ಡ ಮನಸ್ಸು ಮಾಡಿದವನಂತೆ ಎದ್ದದ್ದು ನೆನಪಿದೆ. ಹದಿನಾಲ್ಕು ವರ್ಷವೂ ತವರಿನ ಪ್ರತಿ ಊಟಕ್ಕೂ ಹೀಗೆ ಯಾರನ್ನಾದರೂ ಅಟ್ಟುತ್ತಿದ್ದವಳು ಅವಳೇ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಘನತೆಗೆ ಮರ್ಯಾದೆ ಎಂದುಕೊಂಡಿದ್ದೆ.

ನಾಗರತ್ನ ಟಿ.ವಿ. ನಿಲ್ಲಿಸಿ ಒಳಗೆ ಹೋದಳು. ಸುಮಾರು ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಬಂದು, “ಭಾವ, ಎಲೆ ಹಾಕಿದೀನಿ, ಏಳಿ” ಅಂದಳು. ಎದ್ದೆ.

ಅಲ್ಲಿಂದ ಇಲ್ಲಿಯವರೆಗೆ ಹಬ್ಬ ಹುಣ್ಣಿಮೆಗೆ ಅವಳ ಫೋನು ತಪ್ಪಿಲ್ಲ, ನಾನು ಅದಕ್ಕೆ ಕಾಯುವುದೂ ತಪ್ಪಿಲ್ಲ. ಬುದ್ಧಿ ಬಂತು ಎಂದು ನೀವು ತಿಳಿದಿದ್ದರೆ ಕ್ಷಮಿಸಿ. ಈ ಸಲ ಮಂಡಿನೋವೆಂದು ಮಲಗಿದ್ದಾಳಂತೆ. ಯುಗಾದಿ ಹೋಯಿತು, ಫೋನಿಲ್ಲ. ಒಬ್ಬನೇ ಚಿತ್ರಾನ್ನ ಕಲಸಿ ತಿಂದಿದ್ದೆ. ನಿನ್ನೆ ಆ ಯಂತ್ರ, ಬೇಕಾದದ್ದನ್ನು ನಾಚಿಕೆಯಿಲ್ಲದೆ ಕೇಳಿ ತರಿಸಿಕೊಂಡದ್ದನ್ನು ನೋಡಿ, ನಾನೇ ಫೋನ್ ಹಚ್ಚಿದೆ. ಭಾನುವಾರ ಊಟಕ್ಕೆ ಬರುತ್ತೇನೆ, ಅಡುಗೆ ಬೇಕಾದರೆ ನಾನೇ ಮಾಡುತ್ತೇನೆ ಅಂದೆ. ಕರೆಯಿಲ್ಲದೆ ಊಟಕ್ಕೆ ಬರುತ್ತೇನೆಂದು ಬಾಯಿಬಿಟ್ಟು ಹೇಳಿದ್ದು, ಎಪ್ಪತ್ತರ ಹತ್ತಿರ ಬಂದವನಿಗೆ ಇದೇ ಮೊದಲು.



“ಅಕ್ಕ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ ಭಾವ” ಅಂದಳು.