ದಾರ ಕಡಿಯುವ ಜಾಗ

ರಿಪೇರಿ ಅಕ್ಕನಿಗೆ ಒಂದು ರಾಗ ಅರ್ಧ ಮಾತ್ರ ಬರುತ್ತಿತ್ತು. ಅರ್ಧಂಬರ್ಧ ಹಾಡು ಎಲ್ಲರ ಬಾಯಲ್ಲೂ ಇರುತ್ತದೆ, ಅದೇನು ದೊಡ್ಡ ವಿಷಯ ಎನ್ನಬೇಡಿ. ಈ ರಾಗದ ಉಳಿದರ್ಧವನ್ನು ಯಾರನ್ನಾದರೂ ಕೇಳೋಣವೆಂದರೆ ಕೇಳಲು ಯಾರೂ ಇರಲಿಲ್ಲ. ಅದಕ್ಕೆ ಮಾತಿಲ್ಲ, ಹೆಸರಿಲ್ಲ. ಅವಳ ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದದ್ದು. ಅಕ್ಕ ಕೆಲಸದ ನಡುವೆ ಅದನ್ನು ಶುರು ಮಾಡುತ್ತಾಳೆ, ಚೆನ್ನಾಗಿಯೇ ಸಾಗುತ್ತಾಳೆ, ಮೇಲಕ್ಕೆ ಏರಿ ಒಂದು ತಿರುವಿಗೆ ಬರುತ್ತಾಳೆ. ಅಲ್ಲಿಂದ ಮುಂದೆ ಅದು ಹೇಗೋ ಬಟ್ಟೆ ಸೋಪಿನ ಜಾಹೀರಾತಿನ ಹಾಡಾಗಿಬಿಡುತ್ತದೆ. ಪ್ರತಿ ಸಲವೂ ಅದೇ ಕಥೆ. "ಹಾಳಾದ್ ಸೋಪು" ಎಂದು ಬೈದುಕೊಂಡು ಬಾಯಿ ಮುಚ್ಚುತ್ತಾಳೆ.

ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಯಾರಾದರೂ ಮೇಲೆ ಹತ್ತಿದರೆ ಮೇಜಿನ ಮೇಲೆ ಧೂಳು ಉದುರುತ್ತದೆ. ದಪ್ಪನೆಯ ವಕೀಲರು ಹತ್ತಿದರೆ ಅಕ್ಕ ಬಿಚ್ಚಿಟ್ಟ ರೇಡಿಯೊ ಮೇಲೆ ಟವಲ್ ಮುಚ್ಚುತ್ತಾಳೆ. ವಯಸ್ಸು ಐವತ್ತೇಳು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ, ಬೆರಳ ತುದಿಗಳಲ್ಲಿ ಸೋಲ್ಡರ್ ತಾಗಿದ ಹಳೆಯ ಕಲೆಗಳು. ಗಿರಾಕಿಗಳಿಗೆಲ್ಲ ಅವಳು ಅಕ್ಕನೇ, ಅವಳಿಗಿಂತ ಹಿರಿಯರಿಗೂ. ಅಕ್ಕ ಎಂದು ನಿಜವಾಗಿ ಕರೆಯಬೇಕಾದವನು ಒಬ್ಬನಿದ್ದ, ಅವನಿಲ್ಲ.

ತಮ್ಮ ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಮೂವತ್ತು ವರ್ಷಗಳ ಕೆಳಗೆ ಬ್ಯಾಟರಿ ಅಂಗಡಿಯೊಂದರ ಮಹಡಿಯ ಮೇಲೆ ಐದು ಜನರ ಕಂಪನಿಯೊಂದಿತ್ತು. ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಕ್ಯಾಸೆಟ್ ಮಾಡುತ್ತೇವೆಂದು ಹೊರಟಿದ್ದವರು. ತಮ್ಮ ಆಟ ಬರೆಯುವವನು, ಅಕ್ಕ ಅದರ ಬೋರ್ಡಿಗೆ ಸೋಲ್ಡರ್ ಹಾಕುವವಳು. ಅಮ್ಮ ತೀರಿಕೊಂಡು ಆಗ ಒಂದು ವರ್ಷವೂ ತುಂಬಿರಲಿಲ್ಲ. ತಮ್ಮ ಮಾಡಿದ ಆಟದ ಹೆಸರು 'ದೋಣಿ': ಒಬ್ಬ ಅಂಬಿಗ, ದಡದಲ್ಲಿ ಕಾಯುವ ಜನ, ದಿನದಿನಕ್ಕೆ ಅಗಲವಾಗುತ್ತ ಹೋಗುವ ಹೊಳೆ. ಎಲ್ಲರನ್ನೂ ಆಚೆ ದಾಟಿಸಬೇಕು, ಅಷ್ಟೇ.

"ಅಕ್ಕಾ, ಹಿಂದೆ ಅಮ್ಮನ ರಾಗ ಹಾಕಿದೀನಿ. ಅವಳು ಹೇಗೆ ಗುನುಗ್ತಿದ್ಳೋ ಹಾಗೇ. ಏನೂ ಬಿಟ್ಟಿಲ್ಲ, ಕೂತ್ಕೊಂಡು ಕೇಳು" ಎಂದಿದ್ದ.

ಅವಳಿಗೆ ಅವತ್ತು ಬೇರೊಂದು ಆರ್ಡರಿನ ನಲವತ್ತು ಬೋರ್ಡು ಮುಗಿಸುವ ಅವಸರ. ನಿಂತುಕೊಂಡೇ ಅರ್ಧ ಕಿವಿಯಲ್ಲಿ ಕೇಳಿದಳು. ಹೇಗಿದ್ದರೂ ನಾಳೆ ಅಂಗಡಿ ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ ತಾನೇ, ಬೇಕಾದಾಗ ಕೇಳಿದರಾಯಿತು ಎಂದುಕೊಂಡಳು. ಆ ಅರ್ಧ ಕಿವಿಯ ಪಾಪಕ್ಕೆ ಅವಳು ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಲ್ಲ.

ಕ್ಯಾಸೆಟ್ ಅಂಗಡಿಗೆ ಬರಲೇ ಇಲ್ಲ. ಕಂಪನಿ ಬಾಗಿಲು ಹಾಕಿತು. 'ದೋಣಿ'ಯ ಮಾದರಿ ಬೋರ್ಡುಗಳು ಮೂರೇ ಮೂರು ಇದ್ದವು. ಒಂದನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದರು, ಇನ್ನೊಂದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, ಮೂರನೆಯದು ಗುಜರಿಯವನ ಚೀಲ ಸೇರಿತು. ತಮ್ಮನ ಫ್ಲಾಪಿಗಳಿಗೆ ಬೂಷ್ಟು ಹಿಡಿಯಿತು. ಮೂವತ್ತಾರಕ್ಕೆ ತಮ್ಮನ ಹೃದಯವೇ ಕೈಕೊಟ್ಟಿತು. ಅಮ್ಮನ ದನಿಯನ್ನು ಯಾರೂ ಟೇಪಿನಲ್ಲಿ ಹಿಡಿದಿಟ್ಟಿರಲಿಲ್ಲ. ಹೊಲಿಯುವ ಹೆಂಗಸಿನ ಗುನುಗನ್ನು ಯಾರು ತಾನೇ ಹಿಡಿದಿಡುತ್ತಾರೆ?

ಹಳೆಯ ಆಟಗಳನ್ನು ಕೂಡಿಡುವವರದು ಒಂದು ಬೇರೆಯೇ ಜಾತಿ. ಮಾರುಕಟ್ಟೆಗೆ ಬಂದ ಆಟ ಅವರಿಗೆ ಸಾಲದು. ಬರದೇ ಹೋದದ್ದೇ ಬೇಕು. ಅದಕ್ಕಾಗಿ ಗುಜರಿ ಕೆದಕುತ್ತಾರೆ, ಮುಚ್ಚಿಹೋದ ಕಂಪನಿಗಳ ಲೆಕ್ಕಿಗರ ಮನೆ ಬಾಗಿಲು ತಟ್ಟುತ್ತಾರೆ. ಸಿಕ್ಕಿದ ಮೇಲೆ ಎರಡು ಪಂಗಡ. ಒಬ್ಬರು ಬೋರ್ಡಿನ ಚಿಪ್ಪಿನಲ್ಲಿರುವ ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನಕಲನ್ನು ಎಲ್ಲರಿಗೂ ಹಂಚುವವರು. ಇನ್ನೊಬ್ಬರು ಬೀರುವಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರು. ಇಂಥವರ ಗುಂಪೊಂದು ಫೋನಿನಲ್ಲಿತ್ತು. ಅಕ್ಕ 'ಸೂಜಿ' ಎಂಬ ಹೆಸರಿನಲ್ಲಿ ಅದಕ್ಕೆ ಸೇರಿದ್ದಳು. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ.

ಹನ್ನೊಂದು ವರ್ಷಗಳ ಕೆಳಗೆ ಆ ಗುಂಪಿನಲ್ಲಿ ಒಂದು ಫೋಟೊ ಬಂತು. ಪೆಟ್ಟಿಗೆಯಿಲ್ಲದ ಬರೀ ಬೋರ್ಡು, ಚಿಪ್ಪಿನ ಮೇಲೆ ಬಿಳಿ ಚೀಟಿ, ಚೀಟಿಯ ಮೇಲೆ ಓರೆ ಅಕ್ಷರ: 'ದೋಣಿ ೩, ಇನ್ನೂ ಮುಗಿದಿಲ್ಲ'. ತಮ್ಮನ ಕೈಬರಹ. ಫೋಟೊ ಹಾಕಿದವನು ಎಷ್ಟು ಜನ ಗೋಗರೆದರೂ ನಕಲು ಕೊಡಲಿಲ್ಲ. ಗುಂಪಿನವರು ಅವನಿಗೆ 'ಬೀಗ' ಎಂದೇ ಹೆಸರಿಟ್ಟರು. ಅಕ್ಕ ಬರೆದಳು: ಆ ಆಟ ಮಾಡಿದವನು ನನ್ನ ತಮ್ಮ, ನನಗೆ ಬೋರ್ಡು ಬೇಡ, ಅದರ ಹಿನ್ನೆಲೆಯ ರಾಗ ಒಂದು ಸಲ ಕೇಳಿಸಿ ಸಾಕು. ಉತ್ತರ ಬಂತು: "ಇಲ್ಲಿ ಎಲ್ಲರೂ ಯಾರಿಗೋ ಅಕ್ಕ, ಯಾರಿಗೋ ಅಣ್ಣ. ಒಂದು ಸಲ ಹೊರಗೆ ಬಿಟ್ಟರೆ ನನ್ನ ಹತ್ತಿರ ಉಳಿಯೋದು ಬರೀ ಪ್ಲಾಸ್ಟಿಕ್." ಅವಳು ಪ್ರತಿ ವರ್ಷ ಅಮ್ಮನ ತಿಥಿ ಕಳೆದ ಮರುದಿನ ಮತ್ತೆ ಬರೆಯುತ್ತಿದ್ದಳು. ಎರಡನೆಯ ವರ್ಷದಿಂದ ಉತ್ತರವೂ ಬರಲಿಲ್ಲ. ಕಲ್ಲಿನ ಮುಂದೆ ಕೂತು ಗೋಳಾಡಿದ ಹಾಗಾಯಿತು.

ಮೊನ್ನೆ ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಅಂಗಿಯ ಮುದುಕರೊಬ್ಬರು ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿದರು. ಎದೆಗೆ ಒತ್ತಿಕೊಂಡ ಡಬ್ಬಿ.

"ನೀವೇನಮ್ಮ ಹಳೇ ಬೋರ್ಡ್ ನೋಡೋರು? ನಾನು ಹಲ್ಲಿನ ಡಾಕ್ಟ್ರು. ಈಗ ಕೆಲಸ ಬಿಟ್ಟಿದೀನಿ. ಇದಕ್ಕೆ ಏನೋ ಆಗಿದೆ. ಹುಷಾರು, ಇಂಥದ್ದು ಇನ್ನೊಂದಿಲ್ಲ."

ಡಬ್ಬಿ ತೆರೆದರು. ಅಕ್ಕ ಭೂತಗನ್ನಡಿ ಇಳಿಸಿಕೊಂಡಳು. ಅಡುಗೆಯವಳಿಗೆ ತನ್ನ ಕೈರುಚಿ ಗೊತ್ತಿರುವಂತೆ ಸೋಲ್ಡರ್ ಹಾಕಿದವಳಿಗೆ ತನ್ನ ಬೊಟ್ಟು ಗೊತ್ತಿರುತ್ತದೆ. ಇಪ್ಪತ್ತೆಂಟು ಬೊಟ್ಟುಗಳು, ಸಾಲಾಗಿ, ಮೂಲೆಯದು ಮಾತ್ರ ಕೊಂಚ ದಪ್ಪ. ಅವತ್ತು ತಮ್ಮ ಹಿಂದಿನಿಂದ ಬಂದು ಕಚಗುಳಿ ಇಟ್ಟಿದ್ದ. ಎದುರಿಗೆ ನಿಂತಿರುವವರೇ ಬೀಗ. ಹನ್ನೊಂದು ವರ್ಷದ ಸಿಟ್ಟು ಹೊತ್ತಿಕೊಂಡಿತು. ಆದರೆ ಮರುಕ್ಷಣವೇ ಆ ಸಿಟ್ಟನ್ನು ನುಂಗುವಂಥದ್ದೊಂದು ಕಂಡಿತು.

"ಡಾಕ್ಟ್ರೇ, ಇದರ ಮೇಲಿದ್ದ ಚೀಟಿ ಎಲ್ಲಿ?"

ಡಾಕ್ಟರ ಮುಖ ಅರಳಿತು. "ಅದನ್ನ ಜೋಪಾನ ಮಾಡಿದೀನಿ! ಶಾಯಿ ಮಾಸ್ತಾ ಇತ್ತು. ಆ ಕೈಬರಹ ಹೋದ್ರೆ ಮತ್ತೆ ಸಿಗುತ್ತಾ? ಹೋದ ವರ್ಷ ಆವಿ ಕೊಟ್ಟು ಮೆಲ್ಲಗೆ ಬಿಡಿಸಿ ಆಲ್ಬಮ್‌ನಲ್ಲಿಟ್ಟೆ. ಎಳ್ಳಷ್ಟೂ ಹರೀಲಿಲ್ಲ. ಇದನ್ನ ಕಿಟಕಿ ಪಕ್ಕದ ಗಾಜಿನ ಬೀರುವಲ್ಲಿಟ್ಟಿದ್ದೆ. ಚಿಪ್ಪಿನ ಆ ಪುಟ್ಟ ಗಾಜು ಬಿಸಿಲಿಗೆ ಎಷ್ಟು ಚಂದ ಹೊಳೀತಿತ್ತು ಗೊತ್ತಾ?"

ಅಕ್ಕ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಆ ಕಾಲದ ಮಾದರಿ ಚಿಪ್ಪಿನ ನೆತ್ತಿಯಲ್ಲಿ ಗಾಜಿನ ಕಿಂಡಿ ಇಟ್ಟಿರುವುದೇ ಅಳಿಸುವುದಕ್ಕೆ. ಕಿಂಡಿಗೆ ಬೆಳಕು ಬಿದ್ದಷ್ಟೂ ಒಳಗೆ ಬರೆದದ್ದು ಮಾಯವಾಗುತ್ತದೆ. ಆ ಚೀಟಿ ಹೆಸರು ಬರೆಯಲು ಅಂಟಿಸಿದ್ದಲ್ಲ, ಬೆಳಕು ತಡೆಯಲು ಅಂಟಿಸಿದ್ದು. ಯಾರಿಗೂ ಒಂದು ನಕಲು ಕೊಡದೆ ಕಾಪಾಡಿದ ಮನುಷ್ಯ, ಕೈಬರಹ ಉಳಿಸಲು ಹೋಗಿ ಆಟವನ್ನೇ ಬಿಸಿಲಿಗೆ ಒಡ್ಡಿದ್ದರು.

ಅಕ್ಕ ಇದನ್ನು ಹೇಳಿದಾಗ ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಮೇಲೆ ವಕೀಲರು ಹತ್ತಿದರು, ಧೂಳು ಉದುರಿತು, ಅವರು ಒರೆಸಿಕೊಳ್ಳಲೂ ಇಲ್ಲ.

"ಪೂರ್ತಿ ಹೋಗಿರಲ್ಲ" ಎಂದಳು ಅಕ್ಕ. ಸಮಾಧಾನ ಅವರಿಗೋ ತನಗೋ ಅವಳಿಗೇ ತಿಳಿಯಲಿಲ್ಲ. "ಆದರೆ ಉಳಿದಿದ್ದನ್ನ ನಾನು ಕಂಪ್ಯೂಟರಿಗೆ ಇಳಿಸ್ಕೋಬೇಕು. ನಕಲು ಆಗುತ್ತೆ. ಒಪ್ಪಿಗೆನಾ?"

ಡಾಕ್ಟರು ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು. "ಮಾಡಿ" ಎಂದರು.

ಅವಳು ಮೊದಲು ಕಿಂಡಿಗೆ ಕಪ್ಪು ಟೇಪು ಅಂಟಿಸಿದಳು. ಮಾಸಿದ ಚಿಪ್ಪು ಜ್ವರದವರ ಹಾಗೆ, ಒಂದೊಂದು ಸಲ ಒಂದೊಂದು ಮಾತಾಡುತ್ತದೆ. ಕರೆಂಟು ಕೊಂಚ ಕಡಿಮೆ ಕೊಟ್ಟು ಮತ್ತೆ ಮತ್ತೆ ಓದಿಸಿದಳು, ಯಾವುದು ಹೆಚ್ಚು ಸಲ ಒಂದೇ ಥರ ಬಂತೋ ಅದನ್ನು ಹಿಡಿದಳು. ಸಂಜೆ ಐದಕ್ಕೆ ಮೂಲೆಯ ಪುಟ್ಟ ಟಿವಿಯಲ್ಲಿ ಹೊಳೆ ಕಾಣಿಸಿತು. ಅಂಬಿಗ ಬಂದ. ದಡದಲ್ಲಿ ಜನ ನಿಂತಿದ್ದರು. ರಾಗ ಶುರುವಾಯಿತು.

ಅಕ್ಕ ಟಿವಿಯ ಹತ್ತಿರಕ್ಕೆ ಸರಿದಳು. ರಾಗ ಏರಿತು, ತಿರುವಿಗೆ ಬಂತು. ಅಲ್ಲಿಂದ ಮುಂದೆ ಒಂದೇ ಸ್ವರ, ಉದ್ದಕ್ಕೆ, ಕುಕ್ಕರ್ ಕೂಗಿದಂತೆ. ಕಂಪ್ಯೂಟರಿನಲ್ಲಿ ನೋಡಿದಳು. ಚಿಪ್ಪಿನ ಒಳಗೆ ಕಿಟಕಿಯ ಕಡೆಗಿದ್ದ ಮೂಲೆಯ ಬರಹ ಪೂರ್ತಿ ಬಿಳಿಚಿತ್ತು. ರಾಗದ ಉಳಿದರ್ಧ ಇದ್ದದ್ದು ಅಲ್ಲೇ. ಅವಳಿಗೆ ಬರುತ್ತಿದ್ದಷ್ಟೇ ಉಳಿದಿತ್ತು, ಬಾರದೇ ಇದ್ದದ್ದೇ ಹೋಗಿತ್ತು.

ಅವಳು ದನಿ ತಗ್ಗಿಸಿದಳು. ಅಳು ಬರಲಿಲ್ಲ. ಮೂವತ್ತು ವರ್ಷ ಕಾದದ್ದು ಈ ಕೂಗು ಕೇಳುವುದಕ್ಕಾ ಎಂದುಕೊಂಡಳು.

"ಅಯ್ಯೋ, ಚೆನ್ನಾಗಿರೋದೇ ಅಲ್ಲಿಂದ ಮುಂದೆ" ಎಂದರು ಡಾಕ್ಟರು. "ಹೆಂಡತಿ ಹೋದ ಮೇಲೆ ದಿನಾ ಸಂಜೆ ಇದನ್ನೇ ಆಡ್ತಿದ್ದೆ. ಗೆಲ್ಲೋಕಲ್ಲ, ಸುಮ್ನೆ ಆ ರಾಗಕ್ಕೆ. ಯಾರಿಗೂ ಕೊಡದೇ ಇದ್ದಿದ್ದೂ ಅದಕ್ಕೇ. ನನ್ನದು ಅಂತ ಒಂದಾದ್ರೂ ಇರಲಿ ಅನ್ಸೋದು."

ಅಕ್ಕ ಮೆಲ್ಲಗೆ ತಿರುಗಿದಳು. "ದಿನಾ ಕೇಳಿದ್ರಾ? ಹಾಗಾದ್ರೆ ನಿಮಗೆ ಬರುತ್ತಾ?"

"ಏನು, ಹಾಡೋದಾ? ಛೆ, ನಾನು ಬಾಯಿ ಬಿಟ್ರೆ ನಾಯಿ ಓಡಿಹೋಗುತ್ತೆ."

"ನಲವತ್ತು ವರ್ಷ ಊರೋರಿಗೆಲ್ಲ ಬಾಯಿ ಬಿಡಿ ಬಾಯಿ ಬಿಡಿ ಅಂದಿದೀರಿ. ಈಗ ನೀವು ಬಿಡಿ."

ಡಾಕ್ಟರು ಮುಜುಗರದಿಂದ ಗೋಡೆ ಕಡೆಗೆ ತಿರುಗಿದರು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಶ್ರುತಿ ಎಲ್ಲೋ, ಅವರೆಲ್ಲೋ. ಆದರೂ ರಾಗ ಏರಿತು, ತಿರುವಿಗೆ ಬಂತು, ಸೋಪಿನ ಕಡೆ ಹೋಗಲಿಲ್ಲ. ಬೇರೆಲ್ಲಿಗೋ ಇಳಿಯಿತು, ನಿಧಾನವಾಗಿ, ಹಳೆಯ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುವ ಹಾಗೆ. ಅಕ್ಕನ ಪಾದ ತಾನಾಗಿಯೇ ನೆಲ ತುಳಿಯತೊಡಗಿತು. ಥಟ್ಟನೆ ಡಾಕ್ಟರು ನಿಲ್ಲಿಸಿದರು. ಒಂದು ಕ್ಷಣ, ಎರಡು ಕ್ಷಣ. ಮತ್ತೆ ಮುಂದುವರಿಸಿ ಮುಗಿಸಿದರು.

"ಮಧ್ಯ ಯಾಕೆ ನಿಲ್ಲಿಸಿದ್ರಿ? ಮರೆತೋಯ್ತಾ?"

"ಇಲ್ಲಮ್ಮ, ಅದು ಹಾಗೇ ಇದೆ. ಪ್ರತಿ ಸಲ ಅಲ್ಲಿ ನಿಂತುಹೋಗಿ ಆಮೇಲೆ ಶುರುವಾಗುತ್ತೆ. ಮಾಡಿದ ಹುಡುಗ ಏನೋ ತಪ್ಪು ಮಾಡಿರ್ಬೇಕು. ಮುಗಿದಿಲ್ಲ ಅಂತ ಅವನೇ ಬರೆದಿದ್ನಲ್ಲ. ನೀವು ಸರಿ ಮಾಡೋದಾದ್ರೆ ಆ ದೋಷಾನೂ ತೆಗೆದುಬಿಡಿ."

ಏನೂ ಬಿಟ್ಟಿಲ್ಲ ಎಂದಿದ್ದ ತಮ್ಮ. ಅಕ್ಕನಿಗೆ ಈಗ ಕಣ್ಣು ತುಂಬಿ ಬಂತು, ತಡೆಯಲಾಗಲಿಲ್ಲ.

"ಅದು ದೋಷ ಅಲ್ಲ ಡಾಕ್ಟ್ರೇ. ನಮ್ಮಮ್ಮ ಹೊಲಿಗೆ ಮುಗಿಸಿ ಹಲ್ಲಲ್ಲಿ ದಾರ ಕಡೀತಾ ಇದ್ಳು. ಬಾಯಲ್ಲಿ ದಾರ ಇದ್ದಾಗ ಗುನುಗೋಕಾಗುತ್ತಾ? ಅಲ್ಲಿ ನಿಲ್ಲಿಸ್ತಿದ್ಳು. ನನಗೆ ಮರೆತೇ ಹೋಗಿತ್ತು. ಅವನಿಗೆ ನೆನಪಿತ್ತು."

ಡಾಕ್ಟರು ತಮ್ಮ ಮೇಲಿನ ಮುಂದಿನ ಹಲ್ಲನ್ನು ಉಗುರಿನಿಂದ ಮುಟ್ಟಿ ಕೇಳಿದರು. "ಇಲ್ಲಿ ಒಂದು ಸಣ್ಣ ಗೀರು ಇತ್ತಾ? ಬಾಚಿ ಹಲ್ಲಿನ ಅಂಚಲ್ಲಿ? ದಿನಾ ದಾರ ಕಡಿಯೋರಿಗೆ ಬಿದ್ದಿರುತ್ತೆ. ಎಷ್ಟೋ ಜನರದ್ದು ನೋಡಿದೀನಿ."

"ಇತ್ತು. ನಕ್ಕಾಗ ಕಾಣ್ತಿತ್ತು."

"ಹಾಗಾದ್ರೆ... ವರ್ಷಾ ವರ್ಷಾ ಬರೀತಿದ್ದ ಸೂಜಿ..."

"ನಾನೇ."

ಡಾಕ್ಟರು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ. ಆಮೇಲೆ ಎಲ್ಲರಿಗೂ ಕಳಿಸಿಬಿಡಿ. ಇನ್ನೊಂದು ಸಲ ಇದು ಒಬ್ಬನ ಹತ್ತಿರವೇ ಇರೋದು ಬೇಡ."

ಮರುದಿನವೂ ಬಂದರು, ಅದರ ಮರುದಿನವೂ. ಅವರು ಒಂದು ಸ್ವರ ಎಳೆಯುವುದು, ಅಕ್ಕ ಅದಕ್ಕೊಂದು ಅಂಕಿ ಹಾಕಿ ನಕಲಿನ ಬಿಳಿಚಿದ ಜಾಗಕ್ಕೆ ತುಂಬುವುದು, "ಇನ್ನೂ ಕೆಳಗೆ, ಇನ್ನೊಂಚೂರು" ಎಂದು ಅವರು ಕೈ ತಗ್ಗಿಸುವುದು. ವಕೀಲರು ಮೆಟ್ಟಿಲಲ್ಲೇ ನಿಂತು, ಕೆಳಗೆ ಯಾರಿಗೋ ಹೊಟ್ಟೆನೋವಾ ಎಂದು ವಿಚಾರಿಸಿದರು. ಮೂರನೆಯ ದಿನ ಡಾಕ್ಟರು ಆಲ್ಬಮ್ಮಿನಿಂದ ಚೀಟಿ ಬಿಡಿಸಿ ತಂದು ಅಕ್ಕನ ಅಂಗೈಯಲ್ಲಿಟ್ಟರು. ಅವಳು ಕಪ್ಪು ಟೇಪಿನ ಮೇಲೆ ಅದನ್ನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು.

ಟಿವಿ ಹಾಕಿದರು. ಈ ಸಲ ಅಕ್ಕ ಕೈಯಲ್ಲಿ ಏನೂ ಹಿಡಿಯದೆ, ಕೂತು, ಎರಡೂ ಕಿವಿಯಿಂದ ಕೇಳಿದಳು. ದೋಣಿ ಹೊರಟಿತು. ರಾಗ ಏರಿತು, ತಿರುಗಿತು, ಇಳಿಯಿತು, ನಿಂತಿತು. ಇಬ್ಬರೂ ಉಸಿರು ಹಿಡಿದರು. ಅಮ್ಮ ದಾರ ಕಡಿದಳು, ಮತ್ತೆ ಗುನುಗತೊಡಗಿದಳು.