ಕಪಾಟಿನ ಮೇಲಿನ ಕತ್ತಿ

ಹೋಲೋನ್ ಊರಿನ ರಸ್ತೆಗಳ ಮೇಲೆ ಬಿಳಿ ಗೆರೆ ಎಳೆಯುವವನು ನನ್ನ ಗೆಳೆಯ ಅಮಿಹೈ ಸರೂಸಿ. ನಾವೆಲ್ಲ ಅಮಿ ಎನ್ನುತ್ತೇವೆ. ನಗರಸಭೆಯ ಕಿತ್ತಳೆ ಅಂಗಿ ತೊಟ್ಟು ಬೆಳಗಿನ ಆರು ಗಂಟೆಗೆ ಬಣ್ಣದ ಗಾಡಿ ತಳ್ಳಿಕೊಂಡು ಹೊರಟನೆಂದರೆ ಬಸ್ಸುಗಳೂ ಮರ್ಯಾದೆಯಿಂದ ಬದಿಗೆ ಸರಿಯುತ್ತವೆ. ಅವನು ಎಳೆದ ಜೀಬ್ರಾ ಕ್ರಾಸಿಂಗ್ ಎಷ್ಟು ನೇರವೆಂದರೆ, ಅದರ ಮೇಲೆ ನಡೆಯುವಾಗ ನನ್ನಂಥ ವಕ್ರನಿಗೆ ಸ್ವಲ್ಪ ಮುಜುಗರವಾಗುತ್ತದೆ.

ಮುಜುಗರಕ್ಕೆ ಬೇರೆ ಕಾರಣವೂ ಇದೆ. ಪ್ರತಿ ವರ್ಷ ಅಮಿಯ ಹುಟ್ಟುಹಬ್ಬಕ್ಕೆ ಅವನ ಅಣ್ಣ ಸಿಯೋನ್ ತಾಯಿಯನ್ನು ಕಾರಿನಲ್ಲಿ ಕರೆತರುತ್ತಾನೆ. ತಾಯಿ ಮೂರು ಮಹಡಿ ಹತ್ತುತ್ತಾರೆ, ಸಿಯೋನ್ ಹತ್ತುವುದಿಲ್ಲ. ಊಟ, ಕೇಕು, ಹಾಡು ಎಲ್ಲ ಮುಗಿಯುವವರೆಗೂ ಕೆಳಗೆ ಕಾರಿನಲ್ಲೇ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿರುತ್ತಾನೆ. ತಾಯಿ ಮೇಲಿನಿಂದ ಒಂದು ತಟ್ಟೆ ಊಟ ಕಳಿಸುತ್ತಾರೆ. ಅವನು ತಿಂದು ಖಾಲಿ ತಟ್ಟೆಯನ್ನು ಕಾರಿನ ಮೇಲಿಡುತ್ತಾನೆ. ಅಣ್ಣತಮ್ಮಂದಿರು ಮಾತು ಬಿಟ್ಟು ಇಪ್ಪತ್ತೆರಡು ವರ್ಷ. ಸೈನ್ಯಕ್ಕೆ ತನ್ನ ಮೇಲೆ ಚಾಡಿ ಹೇಳಿದವನು ಅಣ್ಣನೇ ಎಂದು ಅಮಿ ನಂಬಿದ್ದಾನೆ. ಚಾಡಿ ಹೇಳಿದವನು ನಾನು.

ಮೊದಲು ವೀರಗಾಥೆಯ ಭಾಗ ಹೇಳಿಬಿಡುತ್ತೇನೆ, ಅದರಲ್ಲಿ ನನ್ನ ಮುಖ ಸ್ವಲ್ಪ ಚೆನ್ನಾಗಿ ಕಾಣುತ್ತದೆ.

ಹದಿನಾಲ್ಕನೆಯ ವಯಸ್ಸಿನಿಂದ ಹದಿನೆಂಟರವರೆಗೆ ಪ್ರತಿ ಶುಕ್ರವಾರ ಮಧ್ಯಾಹ್ನ ಅಮಿಯ ತಾಯಿ ಮಾಸೂಡಾ ಅವರ ಅಡುಗೆಮನೆಯ ಮೇಜಿನ ಮೇಲೆ ನಾವು ನಾಲ್ವರು ಏಳು ರಾಜ್ಯಗಳನ್ನು ಗೆದ್ದೆವು. ಎಂಟನೆಯದನ್ನೂ ಗೆಲ್ಲುತ್ತಿದ್ದೆವು, ಅಷ್ಟರಲ್ಲಿ ಅವರಿಗೆ ಆಲೂಗಡ್ಡೆ ಹೆಚ್ಚಲು ಜಾಗ ಬೇಕಾಯಿತು. ಆಟ ಸರಳ. ಒಬ್ಬನು ಗುಹೆಯೋ ಕೋಟೆಯೋ ವರ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ವೀರ ಈಗ ಏನು ಮಾಡುತ್ತಾನೆಂದು ಹೇಳುತ್ತಾರೆ. ವೀರ ಬದುಕಿದನೋ ಸತ್ತನೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಅಮಿಯ ವೀರ ಸುಳ್ಳಾಡದ ವ್ರತ ಹಿಡಿದ ಸರದಾರ. ನನ್ನವನು ಕಳ್ಳ, ಬಾಯಿಬಡುಕ, ಕತ್ತಲಲ್ಲಿ ಮೊದಲು ಓಡುವವನು. ಪಾತ್ರವನ್ನು ನಾವೇ ಆರಿಸಿಕೊಂಡಿದ್ದೆವು.

ಅಮಿ ಗುಹೆಗಳ ನಕ್ಷೆ ಬರೆಯುತ್ತಿದ್ದ. ಚೌಕುಳಿ ಕಾಗದದ ಮೇಲೆ ಮೆಟ್ಟಿಲು, ಬಾವಿ, ಗುಪ್ತದ್ವಾರ ಎಲ್ಲವೂ ಅಳತೆಗೆ ಸರಿಯಾಗಿ. ಹದಿನೇಳಕ್ಕೆ ಬಂದಾಗ ಅವನಿಗೆ ಒಂದೇ ಆಸೆ: ಸೈನ್ಯದಲ್ಲಿ ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿ ನಕ್ಷೆ ಮಾಡುವ ಘಟಕ ಸೇರಬೇಕು. ನಮ್ಮಲ್ಲಿ ಹದಿನೆಂಟಕ್ಕೆ ಎಲ್ಲರೂ ಸೈನ್ಯಕ್ಕೆ ಹೋಗಲೇಬೇಕು. ಎಲ್ಲಿಗೆ ಎಂಬುದಷ್ಟೇ ಪ್ರಶ್ನೆ.

ಅಣ್ಣ ಸಿಯೋನ್ ಆಗಲೇ ಸಾರ್ಜೆಂಟ್. ರಜೆಗೆ ಬಂದಾಗ ಬೂಟು ಬಿಚ್ಚುತ್ತ ನಮ್ಮನ್ನು ನೋಡಿ ಗಹಗಹಿಸುತ್ತಿದ್ದ.

"ಏನ್ ಸರದಾರರೇ, ಇವತ್ತು ಎಷ್ಟು ರಾಕ್ಷಸರನ್ನ ಕೊಂದ್ರಿ? ಸ್ವಲ್ಪ ಕಸದ ಬುಟ್ಟೀನೂ ಕೊಂದು ಕೆಳಗೆ ಹಾಕಿ ಬನ್ನಿ!"

"ಹೋಗೋ, ನಿನ್ನ ಕಾಲ್ಚೀಲದ ವಾಸನೆಗೆ ನಮ್ಮ ಡ್ರ್ಯಾಗನ್ನೇ ಸತ್ತೋಯ್ತು," ಎಂದು ಅಮಿ.

ಅಣ್ಣತಮ್ಮಂದಿರ ಪ್ರೀತಿ ಆಗ ಹೀಗಿತ್ತು.

ನಕ್ಷೆಯ ಘಟಕ ಗುಟ್ಟಿನದು. ಅದಕ್ಕೆ ಸೇರುವವನು ತನ್ನನ್ನು ಬಲ್ಲ ಇಬ್ಬರ ಹೆಸರು ಬರೆದುಕೊಡಬೇಕು. ಸೈನ್ಯದವರು ಅವರನ್ನು ಕರೆಸಿ, ಹುಡುಗ ಎಂಥವನು ಎಂದು ವಿಚಾರಿಸುತ್ತಾರೆ. ಅಮಿ ಮೊದಲ ಹೆಸರು ಬರೆದದ್ದು ನನ್ನದು: ದೋವ್ ಲೆಂಪೆಲ್, ಪ್ರಾಣಸ್ನೇಹಿತ.

ಪ್ರಾಣಸ್ನೇಹಿತ ಗರಿಗರಿ ಅಂಗಿ ತೊಟ್ಟು ಹೋದ. ಮೇಜಿನ ಆಚೆ ಗಡ್ಡದ ಕರ್ನಲ್ ಇರುತ್ತಾನೆಂದುಕೊಂಡಿದ್ದೆ. ಇದ್ದದ್ದು ಹತ್ತೊಂಬತ್ತರ ಹುಡುಗಿ. ಸಮವಸ್ತ್ರ, ಗುಂಗುರು ಕೂದಲು, ಒಂದು ಕೈಯ ಉಗುರಿಗೆ ಮಾತ್ರ ಬಣ್ಣ. ಇನ್ನೊಂದು ಕೈಗೆ ಹಚ್ಚುವಷ್ಟರಲ್ಲಿ ನಾನು ಒಳಗೆ ಹೋಗಿದ್ದೆನೇನೋ. ಅವಳು ಕಾಗದ ನೋಡಿಕೊಂಡು ಬೇಸರದಿಂದ ಕೇಳುತ್ತ ಹೋದಳು. ಕುಡಿಯುತ್ತಾನಾ? ಇಲ್ಲ. ಮಾದಕವಸ್ತು? ಇಲ್ಲ. ಆಮೇಲೆ ತಲೆಯೆತ್ತಿದಳು.

"ಈ ಪಾತ್ರ ಹಾಕ್ಕೊಂಡು ಆಡ್ತಾರಲ್ಲ, ದಾಳ, ರಾಕ್ಷಸ, ಮಾಟಗಾರ... ಅದೆಲ್ಲ ಆಡ್ತಾರಾ ಇವರು?"

ಇಂಥ ಆಟ ಆಡುವವರು ನಿಜಕ್ಕೂ ಕಲ್ಪನೆಗೂ ಮಧ್ಯದ ಗೆರೆ ಮರೆಯುತ್ತಾರೆಂದು ಸೈನ್ಯದಲ್ಲಿ ಕೆಲವರಿಗೆ ಅನುಮಾನವಿದೆ ಎಂದು ನಾವೂ ಕೇಳಿದ್ದೆವು. "ಇಲ್ಲ" ಎಂದಿದ್ದರೆ ಮುಗಿಯುತ್ತಿತ್ತು. "ಆಡ್ತಾನೆ, ಆದರೆ ಅವನಷ್ಟು ನೆಟ್ಟಗಿರೋ ಹುಡುಗ ಈ ಊರಲ್ಲಿಲ್ಲ" ಎಂದಿದ್ದರೂ ಮುಗಿಯುತ್ತಿತ್ತು. ಆದರೆ ಅವಳು ಆ ತನಕ ನಕ್ಕಿರಲಿಲ್ಲ. ನನಗೋ ಹದಿನೆಂಟು ವಯಸ್ಸು, ಎದುರಿಗಿರುವ ಹುಡುಗಿ ನಗದಿದ್ದರೆ ಪ್ರಪಂಚ ಮುಂದೆ ಹೋಗುವುದಿಲ್ಲ ಎಂಬ ಕಾಯಿಲೆ.

"ಆಡ್ತಾನಾ? ಕತ್ತಿ ಪಕ್ಕದಲ್ಲಿ ಇಟ್ಕೊಂಡೇ ಮಲಗೋದು," ಎಂದೆ. "ಬೆಳಿಗ್ಗೆ ಎದ್ದು ಅವರಮ್ಮನ್ನ ಕೇಳೋ ಮೊದಲ ಮಾತು: ಕುದುರೆಗೆ ಹುಲ್ಲು ಹಾಕಿದ್ಯಾ ಅಂತ."

ಅವಳು ನಕ್ಕಳು. ಎಂಥ ನಗು! ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಲೇ, ಬಣ್ಣ ಹಚ್ಚಿದ ಕೈಯಿಂದ ಬರೆದುಕೊಂಡಳು. ಬರೆಯುವುದನ್ನು ನಾನು ನೋಡಿದೆ. ತಡೆಯಲಿಲ್ಲ.

"ಮತ್ತೆ ನೀವು? ನೀವೂ ಆಡ್ತೀರಾ?"

"ನಾನಾ? ನಾನು ಹೋಗೋದು ಅವರಮ್ಮ ಮಾಡೋ ಊಟಕ್ಕೆ."

ಹೀಗೆ ನಾಲ್ಕು ವರ್ಷದಲ್ಲಿ ಗೆದ್ದ ಏಳು ರಾಜ್ಯಗಳನ್ನೂ ಒಂದೇ ವಾಕ್ಯದಲ್ಲಿ ಒಪ್ಪಿಸಿ ಎದ್ದು ಬಂದೆ.

ಎರಡು ವಾರದ ನಂತರ ಅಮಿಯ ಸರದಿ. ಮೇಜಿನ ಆಚೆ ಈ ಸಲ ನಿಜವಾಗಿಯೂ ಒಬ್ಬ ಅಧಿಕಾರಿ ಕೂತಿದ್ದನಂತೆ. ಅಮಿ ಸಂಜೆ ನನ್ನ ಮನೆಗೆ ಬಂದು, ಮಾತುಮಾತೂ ಹಾಗೆಯೇ ಒಪ್ಪಿಸಿದ.

"ಕತ್ತಿ ಎಲ್ಲಿಟ್ಟಿದ್ದೀಯಾ ಅಂತ ಕೇಳಿದ್ರು. ಇದ್ದಿದ್ದು ಹೇಳ್ದೆ. ಕಪಾಟಿನ ಮೇಲೆ, ಪಾಸೋವರ್ ಪಾತ್ರೆಗಳ ಡಬ್ಬದ ಪಕ್ಕ."

ಇದ್ದದ್ದು ನಿಜವೇ. ಎಂಟನೆಯ ವಯಸ್ಸಿನಲ್ಲಿ ಪೂರಿಮ್ ಹಬ್ಬಕ್ಕೆ ರಾಜನ ವೇಷ ಹಾಕಿದಾಗಿನ ಪ್ಲಾಸ್ಟಿಕ್ ಕತ್ತಿ ಅದು. ಹಬ್ಬದ ಪಾತ್ರೆಗಳನ್ನು ವರ್ಷವಿಡೀ ಬೇರೆಯಾಗಿ ಕಟ್ಟಿಡುವ ಡಬ್ಬದ ಜೊತೆಗೇ ಮಾಸೂಡಾ ಅದನ್ನೂ ಮೇಲಿಟ್ಟಿದ್ದರು. ಆದರೆ ಪ್ಲಾಸ್ಟಿಕ್ ಎಂದು ಅಮಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

"ಆಮೇಲೆ?"

"ಆಮೇಲೆ ಕುದುರೆ ಎಲ್ಲಿ ಅಂದ್ರು. ಈಗ ಇಲ್ಲ, ಹೋದ ತಿಂಗಳು ಸೇತುವೆ ಮೇಲಿಂದ ಬಿದ್ದು ಸತ್ತೋಯ್ತು ಅಂದೆ."

ಆಟದಲ್ಲಿ ಬಿದ್ದಿತ್ತು. ದಾಳದಲ್ಲಿ ಎರಡು ಬಿದ್ದು ಕುದುರೆ ಹೋಗಿತ್ತು. ಸುಳ್ಳಾಡದ ವೀರ ಸೈನ್ಯಾಧಿಕಾರಿಯ ಮುಂದೆ ಕುದುರೆಯ ಮರಣವನ್ನು ದುಃಖದಿಂದ ವರದಿ ಮಾಡಿದ್ದ.

ಅಲ್ಲಿಂದ ಅವನನ್ನು ನೇರವಾಗಿ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರು. ಅವರು ಒಂದು ಗಂಟೆ ಮಾತಾಡಿಸಿ, ಹುಡುಗ ಒಳ್ಳೆಯವನು, ಗುಟ್ಟಿನ ಕೆಲಸಕ್ಕೆ ಬೇಡ ಎಂದರು. ನಕ್ಷೆಯ ಘಟಕದ ಬಾಗಿಲು ಮುಚ್ಚಿತು. ಅಮಿಯನ್ನು ದಕ್ಷಿಣದ ಮರುಭೂಮಿಯ ಒಂದು ಶಿಬಿರದಲ್ಲಿ ಕಂಬಳಿ ಉಗ್ರಾಣಕ್ಕೆ ಹಾಕಿದರು. ಮೂರು ವರ್ಷ ಅವನು ಕಂಬಳಿ ಕೊಟ್ಟ, ಕಂಬಳಿ ತೆಗೆದುಕೊಂಡ, ಕಂಬಳಿ ಝಾಡಿಸಿದ. ಆ ಕಂಬಳಿ ಗುಡ್ಡದ ಹಿಂದೆ ಅಡುಗೆಯವರನ್ನೂ ಲಾರಿ ಚಾಲಕರನ್ನೂ ಕೂಡಿಸಿಕೊಂಡು ಎಂಟನೆಯ ರಾಜ್ಯವನ್ನು ಗೆದ್ದನಂತೆ. ಅಲ್ಲಿ ಅವನಿಗೆ ಸೀನು ಶುರುವಾಯಿತು. ಇಂದಿಗೂ ಉಣ್ಣೆ ಕಂಡರೆ ಹನ್ನೊಂದು ಸಲ ಸೀನುತ್ತಾನೆ.

ನಕ್ಷೆಯ ಘಟಕಕ್ಕೆ ಹೋದವನು ಯಾರು ಗೊತ್ತೇ? ನಾನು. ನಾನೂ ಅದಕ್ಕೆ ಹೆಸರು ಕೊಟ್ಟಿದ್ದೆ, ನನ್ನ ವಿಚಾರಣೆಯಲ್ಲಿ "ಇಲ್ಲ, ಇಲ್ಲ, ಇಲ್ಲ" ಎಂದಿದ್ದೆ. ಜಾಗ ಸಿಕ್ಕಿತು. ಮೂರನೆಯ ತಿಂಗಳು ಒಂದು ಕೋಳಿ ಫಾರಮನ್ನು ಫಿರಂಗಿ ದಾಸ್ತಾನೆಂದು ಗುರುತು ಹಾಕಿದೆ. ಪುಣ್ಯಕ್ಕೆ ಇನ್ನೊಬ್ಬರು ನೋಡಿ ತಿದ್ದಿದರು, ಕೋಳಿಗಳು ಬದುಕಿಕೊಂಡವು. ಈಗ ನಾನು ಕನ್ನಡಕದ ಅಂಗಡಿ ಇಟ್ಟಿದ್ದೇನೆ.

ಆ ಸಂಜೆಯೇ ಅಮಿ ನನ್ನನ್ನು ಕೇಳಿದ್ದ: "ಕತ್ತಿ, ಕುದುರೆ... ಇದೆಲ್ಲ ಅವರಿಗೆ ಹೆಂಗೆ ಗೊತ್ತು, ದೋವಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಉತ್ತರ ಹೇಳಿಕೊಂಡ.

"ಸಿಯೋನ್. ಅವನೇ. ಮನೇಲಿ ಇರೋರಿಗೆ ಬಿಟ್ರೆ ಆ ಕತ್ತಿ ವಿಷಯ ಯಾರಿಗೆ ಗೊತ್ತು? ಅಲ್ಲಿ ಅವನಿಗೆ ಎಲ್ರೂ ಪರಿಚಯ."

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಜೀವಮಾನದಲ್ಲಿ ನಾನು ಸುಮ್ಮನಿದ್ದದ್ದು ಅದೊಂದೇ ಸಲ.

ಅಮಿ ಅಣ್ಣನ ಮೇಲೆ ಎಗರಿದ. ಸಿಯೋನ್ ಇಲ್ಲವೆಂದ. ಆದರೆ ಕುದುರೆಯ ಕಥೆ ಕೇಳುತ್ತಿದ್ದಂತೆ ಅವನಿಗೆ ತಡೆಯಲಾರದೆ ನಗು ಬಂತು. ಆ ನಗುವೇ ಸಾಕ್ಷಿಯಾಯಿತು. ಅಂದಿನಿಂದ ಮಾತಿಲ್ಲ.

ಇಷ್ಟಾದರೂ ನನಗೆ ನಾಚಿಕೆಯಾಗಬೇಕಿತ್ತಲ್ಲ? ಆಯಿತು. ಆದರೆ ನನ್ನ ನಾಚಿಕೆಯೂ ನನ್ನ ಹಾಗೆಯೇ ವಾಚಾಳಿ. ಪ್ರತಿ ಹುಟ್ಟುಹಬ್ಬಕ್ಕೂ ಜನ "ದೋವಿ, ಕತ್ತಿ ಕಥೆ!" ಎಂದು ಕೂಗುತ್ತಾರೆ. ನಾನು ಎದ್ದು ನಿಂತು, ಅಧಿಕಾರಿಯ ದನಿಯಲ್ಲಿ "ಕುದುರೆ ಎಲ್ಲಿ?" ಎನ್ನುತ್ತೇನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಮಿಯೂ ನಗುತ್ತಾನೆ. ಕಥೆಯಲ್ಲಿ ಚಾಡಿಕೋರನ ಭಾಗ ಬಂದಾಗ "ಯಾರೋ ಒಬ್ಬ ಪುಣ್ಯಾತ್ಮ" ಎಂದು ದಾಟಿಬಿಡುತ್ತೇನೆ. ಆ ಹೊತ್ತಿಗೆ ಎಲ್ಲರ ಕಣ್ಣೂ ಬಾಲ್ಕನಿಯ ಕಡೆ, ಕೆಳಗಿನ ಕಾರಿನ ಕಡೆ ಹೋಗುತ್ತವೆ. ನನ್ನ ಕಣ್ಣೂ ಹೋಗುತ್ತದೆ. ಇದೇ ನನ್ನ ಅತ್ಯಂತ ನೀಚ ಭಾಗ.

ಅಮಿಗೆ ನಲವತ್ತು ತುಂಬುವ ಹಿಂದಿನ ದಿನ ಮಾಸೂಡಾ ಅಂಗಡಿಗೆ ಫೋನ್ ಮಾಡಿದರು.

"ದೋವಿ, ನನ್ನ ಕಣ್ಣೇ, ಒಂದು ಕೆಲಸ ಮಾಡ್ತೀಯಾ?"

"ಹೇಳಿ ಅಮ್ಮ. ಕನ್ನಡಕ ಮತ್ತೆ ಫ್ರಿಜ್‌ನಲ್ಲಿಟ್ರಾ?"

"ನನ್ನ ಕನ್ನಡಕದ ಮನೆ ಹಾಳಾಗ್ಲಿ. ನಂಗೆ ಎಂಬತ್ತೊಂದು. ಸಿಯೋನ್‌ಗೆ ಮಂಡಿ ನೋವು, ಆ ಕಾರಲ್ಲಿ ಮಡಚ್ಕೊಂಡು ಕೂತು ಕೂತು ಇನ್ನೂ ಹಾಳಾಯ್ತು. ನಾಳೆ ಅವನು ಮೇಲೆ ಬರ್ಬೇಕು. ನೀನು ಮಾತುಗಾರ, ಏನಾದ್ರೂ ಹೇಳಿ ನಗಿಸಿ ಇಬ್ಬರನ್ನೂ ಒಂದು ಮಾಡು. ನಿನ್ನ ಬಿಟ್ರೆ ನಂಗೆ ಯಾರಿದ್ದಾರೆ?"

ನಾನು "ಆಗಲಿ ಅಮ್ಮ" ಎಂದೆ. ಆಮೇಲೆ ಬಂದ ಗಿರಾಕಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿ ಕಳಿಸಿದೆನಂತೆ.

ಮರುದಿನ ಶುಕ್ರವಾರ ಮಧ್ಯಾಹ್ನ. ಅಮಿಯ ಮನೆ ತುಂಬ ನಗರಸಭೆಯವರು, ಹಳೆಯ ಆಟದವರು, ಕಂಬಳಿ ಕಾಲದ ಒಬ್ಬ ಲಾರಿ ಚಾಲಕ. ಮೇಜಿನ ಮೇಲೆ ಮಾಸೂಡಾ ಮಾಡಿದ ಮಫ್ರೂಮ್, ಒಳಗೆ ಖೀಮಾ ತುಂಬಿ ಕೆಂಪು ರಸದಲ್ಲಿ ಬೇಯಿಸಿದ ಆಲೂಗಡ್ಡೆ. ಕೇಕಿನ ಮೇಲೆ ನಲವತ್ತು. ಕೆಳಗೆ ಬಿಳಿ ಕಾರು.

"ದೋವಿ, ಕತ್ತಿ ಕಥೆ!"

ಎದ್ದೆ. ಹುಡುಗಿಯಿಂದ ಶುರು ಮಾಡಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಹುಡುಗಿ ಕಥೆಯೊಳಗೆ ಬಂದದ್ದು ಇದೇ ಮೊದಲು. ಒಂದು ಕೈಯ ಉಗುರುಬಣ್ಣ, ಅವಳ ನಗು, ನನ್ನ ಕಾಯಿಲೆ. "ಆ ಪುಣ್ಯಾತ್ಮ ನಾನೇ," ಎಂದೆ. "ಸಿಯೋನ್ ಅಲ್ಲ. ಕತ್ತಿ ಪಕ್ಕದಲ್ಲಿಟ್ಟು ಮಲಗ್ತಾನೆ ಅಂತ ಹೇಳಿದ್ದು ನಾನು."

ಮನೆ ಬಿದ್ದುಹೋಗುವ ಹಾಗೆ ನಗು. ಲಾರಿ ಚಾಲಕ ಮೇಜು ಗುದ್ದಿದ. "ಈ ಸಲ ಹೊಸ ಮಸಾಲೆ ಹಾಕಿದ್ದಾನಪ್ಪಾ!" ಎಂದು ಯಾರೋ ಕೂಗಿದರು. ನಾನು "ತಮಾಷೆಯಲ್ಲ ರೀ" ಎಂದೆ, ಇನ್ನೂ ಜೋರಾಗಿ ನಕ್ಕರು. ನಲವತ್ತು ವರ್ಷ ಎಲ್ಲವನ್ನೂ ತಮಾಷೆ ಮಾಡಿದವನು ಒಂದು ನಿಜ ಹೇಳಹೊರಟರೆ ಅದಕ್ಕೆ ಕೂರಲು ಜಾಗವೇ ಇಲ್ಲ.

ಅಮಿ ನಗಲಿಲ್ಲ. ಕೇಕಿನ ಚಾಕು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದ.

"ಕುದುರೆ?" ಎಂದ. "ಕುದುರೆ ವಿಷಯಾನೂ ನೀನೇನಾ?"

"ಹುಲ್ಲು ಹಾಕಿದ್ಯಾ ಅಂತ ಅಮ್ಮನ್ನ ಕೇಳ್ತಾನೆ ಅಂದಿದ್ದೆ."

"ನಾನು ಅವತ್ತು ನಿನ್ನ ಮನೆಗೆ ಬಂದು ಕೇಳಿದಾಗ?"

"ಸುಮ್ಮನಿದ್ದೆ."

"ಯಾಕೋ?"

ಇಷ್ಟೂ ವರ್ಷ ಈ ಪ್ರಶ್ನೆಗೆ ನಾನು ಹತ್ತಾರು ಚೆಂದದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬಾಯಿಂದ ಹೊರಬಿದ್ದದ್ದು ಬೇರೆಯದೇ. "ನೀನು ನನ್ನ ಬಿಟ್ಟುಬಿಡ್ತೀಯಾ ಅಂತ," ಎಂದೆ.

ಅವನು ಚಾಕು ಕೆಳಗಿಟ್ಟ. ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಹೋದ. ನಗು ಒಂದೊಂದಾಗಿ ಆರಿತು.

ಬಾಲ್ಕನಿಯಿಂದ ನೋಡಿದೆ. ಅವನು ಕಾರಿನ ಪಕ್ಕದಲ್ಲಿ ಬರಿಗಾಲಲ್ಲಿ ನಿಂತಿದ್ದ. ಬಿಸಿ ಡಾಂಬರಿನ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದ. ಕಿಟಕಿಯೊಳಗೆ ಏನು ಹೇಳಿದನೋ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಆಚೆ ಬದಿಯ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಅಮಿ ಸುತ್ತಿ ಬಂದು ಕೂತ. ಬಾಗಿಲು ಮುಚ್ಚಿತು. ಇಬ್ಬರೂ ಮೇಲೆ ಬರಲಿಲ್ಲ.

ಮಾಸೂಡಾ ನನ್ನ ಹಿಂದೆಯೇ ಬಂದು ನಿಂತಿದ್ದರು. ಅವರ ಕೈಯಲ್ಲಿ ಎರಡು ತಟ್ಟೆ. ಪ್ರತಿ ವರ್ಷ ಒಂದಿರುತ್ತಿತ್ತು. ನನ್ನ ಮುಖವನ್ನು ಅವರು ನೋಡಲಿಲ್ಲ. "ನನ್ನ ಕಣ್ಣೇ" ಎನ್ನಲೂ ಇಲ್ಲ.

"ಆರೋಗತ್ತೆ. ನೀನೇ ತಗೊಂಡ್ಹೋಗು."

ಮೂರು ಮಹಡಿ ಇಳಿದೆ. ರಸ ಚೆಲ್ಲದ ಹಾಗೆ, ದಾರಿಯ ತುಂಬ ಹೆಬ್ಬೆರಳು ಸುಟ್ಟುಕೊಳ್ಳುತ್ತ. ಸಿಯೋನ್ ಗಾಜು ಇಳಿಸಿದ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ ಎಂದು ಅಷ್ಟು ಹತ್ತಿರದಿಂದ ಆಗಲೇ ಕಂಡೆ. ಎರಡೂ ತಟ್ಟೆ ತೆಗೆದುಕೊಂಡ. ಒಂದನ್ನು ತಮ್ಮನ ತೊಡೆಯ ಮೇಲಿಟ್ಟ. ನಾನು ಏನಾದರೂ ಹೇಳುತ್ತೇನೆಂದು ಇಬ್ಬರೂ ಕಾದರು.

"ಸಿಯೋನ್..." ಎಂದೆ.

"ಫೋರ್ಕ್ ಎಲ್ಲಿ?" ಎಂದ ಸಿಯೋನ್.

ಮರೆತಿದ್ದೆ.

"ಹೋಗಿ ತಗೊಂಬಾ," ಎಂದು ಗಾಜು ಏರಿಸಿದ. ನಾನು ಮತ್ತೆ ಮೂರು ಮಹಡಿ ಹತ್ತತೊಡಗಿದೆ.